21 ದಿನಗಳ ಆಚೀಚೆ

ಬೇಸಿಗೆಯಲ್ಲಿ ನಮ್ಮ ಕಡೆ ತತ್ತಿಗೆ ಕಾವು ಕೊಡಲು ಕೋಳಿಯೂ ಬೇಡ, ಮಷೀನೂ ಬೇಡ. ತಗಡಿನ ಮನೆಯೇ ಆ ಕೆಲಸ ಶುರು ಮಾಡಿಬಿಡುತ್ತದೆ. ಶುರು ಮಾಡುತ್ತದೆ, ಮುಗಿಸುವುದಿಲ್ಲ. ತೊಂದರೆ ಇರುವುದು ಅಲ್ಲೇ. ಮುಂಡರಗಿ ತಾಲ್ಲೂಕಿನ ನಮ್ಮ ಹಿರೇವಡ್ಡಟ್ಟಿಯಲ್ಲಿ ಏಪ್ರಿಲ್ ಮಧ್ಯಾಹ್ನ ತಗಡಿನ ಕೆಳಗೆ ಥರ್ಮಾಮೀಟರ್ ಇಟ್ಟರೆ 38 ದಾಟಿ 40ರ ಹತ್ತಿರ ಹೋಗುತ್ತದೆ. ಬೆಳಗಿನ ಜಾವಕ್ಕೆ ಇಳಿಯುತ್ತದೆ. ತತ್ತಿಯೊಳಗಿನ ಜೀವ 20 ಡಿಗ್ರಿಯ ಆಸುಪಾಸಿಗಿಂತ ತಣ್ಣಗಿದ್ದರೆ ಸುಮ್ಮನೆ ಮಲಗಿರುತ್ತದೆ. ಬಿಸಿ ಏರಿದಾಗ ಏಳುತ್ತದೆ, ಬೆಳೆಯಲು ನೋಡುತ್ತದೆ, ರಾತ್ರಿ ತಣ್ಣಗಾದಾಗ ಕುಗ್ಗುತ್ತದೆ, ಮರುದಿನ ಮತ್ತೆ ಏಳುತ್ತದೆ. ಹೀಗೆ ನಾಲ್ಕೈದು ದಿನ ಎದ್ದು ಬಿದ್ದ ತತ್ತಿಯನ್ನು ಎಂಥ ದುಬಾರಿ ಮಷೀನಿಗೆ ಹಾಕಿದರೂ, 7ನೇ ದಿನ ಕತ್ತಲಲ್ಲಿ ಬ್ಯಾಟರಿ ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಬರೀ ಒಂದು ರಕ್ತದ ಉಂಗುರ. ಜೀವ ಹೊರಟಿತ್ತು, ದಾರಿಯಲ್ಲೇ ನಿಂತಿತು ಎಂದು ಅರ್ಥ.

ಮನೆಯಲ್ಲಿ ಮರಿ ಮಾಡಿಸಬೇಕೆಂದು ಬಂದವರು ನನ್ನನ್ನು ಕೇಳುವುದೆಲ್ಲ ಮಷೀನಿನ ಬಗ್ಗೆ. ಎಷ್ಟು ವ್ಯಾಟಿನ ಬಲ್ಬು, ಎಷ್ಟು ಡಿಗ್ರಿ, ದಿನಕ್ಕೆ ಎಷ್ಟು ಸಲ ಹೊರಳಿಸಬೇಕು. ಕಾವಿನ ಆ 21 ದಿನದ ಲೆಕ್ಕ ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ನಾನು ಕಂಡಂತೆ ಅರ್ಧಕ್ಕಿಂತ ಹೆಚ್ಚು ನಷ್ಟ ಆಗುವುದು ತತ್ತಿ ಒಳಗೆ ಹೋಗುವ ಮುಂಚೆ, ಇಲ್ಲವೇ ಮರಿ ಹೊರಗೆ ಬಂದ ಮೇಲೆ.

ಮುಂಚಿನ ಕೆಲಸದಲ್ಲಿ ಮೊದಲನೆಯದು ಹುಂಜ. ಎಂಟು ಹತ್ತು ಹೇಂಟೆಗೆ ಒಂದು ಗಟ್ಟಿ ಹುಂಜ ಇರಬೇಕು. ನಮ್ಮಲ್ಲಿ ಆಗುವುದು ಏನೆಂದರೆ, ಹಬ್ಬಕ್ಕೋ ಜಾತ್ರೆಗೋ ಒಳ್ಳೆ ಬೆಲೆ ಬಂತೆಂದು ಹುಂಜ ಮಾರುತ್ತಾರೆ. ತಿಂಗಳು ಕಳೆದು ಅದೇ ಹಿತ್ತಿಲಿನ ತತ್ತಿ ತಂದು ಕಾವಿಗೆ ಇಡುತ್ತಾರೆ. ಹುಂಜ ಹೋದ ಮೇಲೂ ಒಂದು ವಾರ ಹತ್ತು ದಿನ ಬೀಜದ ತತ್ತಿ ಬರುತ್ತವೆ. ಅದರಾಚೆ ನಂಬಬಾರದು. ಅಂಗಡಿಯಲ್ಲಿ ಟ್ರೇ ಲೆಕ್ಕದಲ್ಲಿ ಸಿಗುವ ಬಿಳಿ ತತ್ತಿಯಿಂದಲೂ ಮರಿ ಬರುತ್ತದೆಯೇ ಎಂದು ಈಗಲೂ ಯಾರಾದರೂ ಕೇಳುತ್ತಾರೆ. ಹುಂಜದ ಮುಖವನ್ನೇ ನೋಡದ ಫಾರಂ ಕೋಳಿ ಇಟ್ಟ ತತ್ತಿ ಅದು.

ಎರಡನೆಯದು, ತತ್ತಿ ಇಡುವ ಜಾಗ. ನಮ್ಮವ್ವ ತತ್ತಿಗಳನ್ನು ಜೋಳದ ಬುಟ್ಟಿಯಲ್ಲಿ ಹುಗಿದು ಇಡುತ್ತಿದ್ದಳು. ಚಳಿಗಾಲಕ್ಕೆ ಅದು ಸಾಕು. ಬೇಸಿಗೆಗೆ ನಾನು ಮಾಡಿಕೊಂಡದ್ದು ಬೇರೆ: ನೀರಿನ ಹರವಿಯ ಪಕ್ಕ ನೆಲಕ್ಕೆ ಉಸುಕು ಸುರಿದು, ದಿನಾ ಎರಡು ಸಲ ತೋಯಿಸಿ, ಅದರಲ್ಲಿ ಒಂದು ಮಣ್ಣಿನ ಗಡಿಗೆ ಕುತ್ತಿಗೆವರೆಗೆ ಹೂತು, ಒಳಗೆ ಒಣ ಹೊಟ್ಟಿನ ಮೇಲೆ ತತ್ತಿ. ಮೊನೆ ಕೆಳಗೆ, ಅಗಲದ ತುದಿ ಮೇಲೆ. ಗಡಿಗೆಯ ಬಾಯಿಗೆ ತೆಳು ಬಟ್ಟೆ. ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಗಡಿಗೆಯೊಳಗೆ ಕೈ ಇಟ್ಟರೆ ತಣ್ಣಗಿರುತ್ತದೆ. ಆದರೂ ಬೇಸಿಗೆಯಲ್ಲಿ ಮೂರು ದಿನಕ್ಕಿಂತ ಹಳೆಯ ತತ್ತಿಯನ್ನು ನಾನು ಕಾವಿಗೆ ಇಡುವುದಿಲ್ಲ, ಚಳಿಗಾಲದಲ್ಲಿ ಒಂದು ವಾರ. ಹಿಕ್ಕೆ ಹತ್ತಿದೆ ಎಂದು ತತ್ತಿ ತೊಳೆಯುವುದೂ ಬೇಡ. ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ಒಂದು ಲೇಪ ಇರುತ್ತದೆ, ರೋಗಾಣು ಒಳಗೆ ಹೋಗದಂತೆ ತಡೆಯುವುದು ಅದೇ. ತೊಳೆದರೆ ಅದೂ ಹೋಯಿತು. ತೀರ ಹೊಲಸಾದದ್ದನ್ನು ಅಡುಗೆ ಮನೆಗೆ ಕೊಟ್ಟುಬಿಡುವುದು ವಾಸಿ. ಗದಗ ಕಡೆಯಿಂದ ಬಸ್ಸಿನಲ್ಲೋ ಬೈಕಿನಲ್ಲೋ ತತ್ತಿ ತಂದರೆ ಒಂದು ದಿನ ಪೂರ್ತಿ ಮೊನೆ ಕೆಳಗೆ ಮಾಡಿ ಅಲುಗಾಡದಂತೆ ಬಿಡಬೇಕು. ನಮ್ಮ ರಸ್ತೆಗಳ ಮೇಲೆ ಬಂದ ತತ್ತಿಗೆ ಅಷ್ಟು ವಿಶ್ರಾಂತಿ ಬೇಕೇ ಬೇಕು.

ಮಷೀನಿನ ಬಗ್ಗೆ ಹೇಳುವುದು ಕಡಿಮೆ. ನನ್ನದು ಥರ್ಮಾಕೋಲ್ ಪೆಟ್ಟಿಗೆ, ಎರಡು ಸಣ್ಣ ಬಲ್ಬು, ಕಂಪ್ಯೂಟರಿನಿಂದ ತೆಗೆದ ಫ್ಯಾನು, ಥರ್ಮೋಸ್ಟಾಟು. ಒಂದೇ ದೊಡ್ಡ ಬಲ್ಬಿನ ಬದಲು ಎರಡು ಸಣ್ಣವು ಯಾಕೆಂದರೆ, ನಡುರಾತ್ರಿ ಒಂದು ಸುಟ್ಟರೂ ಇನ್ನೊಂದು ಉಳಿಯುತ್ತದೆ. ಅಗ್ಗದ ಥರ್ಮೋಸ್ಟಾಟಿನ ರಿಲೇ ಅಂಟಿಕೊಂಡರೆ ಬಲ್ಬು ಆರುವುದೇ ಇಲ್ಲ, ಬೆಳಗಾಗುವಷ್ಟರಲ್ಲಿ ತತ್ತಿ ಬೆಂದಿರುತ್ತವೆ. ಅದಕ್ಕೆ ಅದೇ ತಂತಿಯಲ್ಲಿ ಎರಡನೇ ಥರ್ಮೋಸ್ಟಾಟ್ ಒಂದನ್ನು 38.5ಕ್ಕೆ ಇಟ್ಟು ಕಾವಲಿಗೆ ಹಾಕಿದ್ದೇನೆ. ಫ್ಯಾನು ತಿರುಗುವ ಪೆಟ್ಟಿಗೆಗೆ 37.5ರಿಂದ 37.8 ಡಿಗ್ರಿ ಸರಿ. ಗಾಜಿನ ಮೇಲೆ ಬರೆದ ಅಂಕಿಯನ್ನು ನಂಬದೆ ಮನೆಯಲ್ಲಿರುವ ಜ್ವರದ ಥರ್ಮಾಮೀಟರನ್ನು ಜೊತೆಗಿಟ್ಟು ತಾಳೆ ನೋಡಬೇಕು. ಆ ಅಳತೆಯ ಆಸುಪಾಸಿನಲ್ಲಿ ಅದರಷ್ಟು ನಂಬಿಗಸ್ತ ವಸ್ತು ಮನೆಯಲ್ಲಿ ಬೇರೆ ಇಲ್ಲ. ಈಜಿಪ್ಟಿನಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಇಟ್ಟಿಗೆಯ ಗೂಡುಗಳಲ್ಲಿ ಒಮ್ಮೆಗೆ ಸಾವಿರಾರು ಮರಿ ಮಾಡಿಸುತ್ತ ಬಂದವರು ತತ್ತಿಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಶಾಖ ಅಳೆಯುತ್ತಿದ್ದರಂತೆ. ನಾನೂ ರೂಢಿ ಮಾಡಿಕೊಂಡಿದ್ದೇನೆ. ಹೆಚ್ಚು ಬಿಸಿಯಾದ ತತ್ತಿಯನ್ನು ಅಂಗೈಗಿಂತ ರೆಪ್ಪೆ ಬೇಗ ಹಿಡಿಯುತ್ತದೆ.

ಕರೆಂಟು ಹೋದರೆ ಏನು ಗತಿ ಎಂದು ಎಲ್ಲರೂ ಹೆದರುತ್ತಾರೆ. ಅಷ್ಟು ಹೆದರಬೇಕಾಗಿಲ್ಲ. ಕೋಳಿಯೂ ದಿನಕ್ಕೊಮ್ಮೆ ಕಾಲು ತಾಸು ಎದ್ದು ಹೋಗುತ್ತದೆ, ತತ್ತಿ ತಣ್ಣಗಾಗುತ್ತವೆ. ತಾಸು ಎರಡು ತಾಸು ತಂಪಾದರೆ ಮರಿ ಬರುವುದು ಸ್ವಲ್ಪ ತಡವಾಗಬಹುದು, ಅಷ್ಟೆ. ಕೊಲ್ಲುವುದು ಬಿಸಿ. ಮೊದಲ ಎರಡು ವಾರ ಕರೆಂಟು ಹೋದರೆ ಪೆಟ್ಟಿಗೆಗೆ ಕಂಬಳಿ ಹೊದಿಸುತ್ತೇನೆ. ಕೊನೆಯ ವಾರದಲ್ಲಿ ಒಳಗಿನ ಮರಿಗಳೇ ಶಾಖ ಬಿಡುತ್ತಿರುತ್ತವೆ, ಉಸಿರಾಡಲು ಗಾಳಿಯೂ ಹೆಚ್ಚು ಬೇಕು. ಆಗ ಕಂಬಳಿ ಬಿಗಿದರೆ ಉಸಿರು ಕಟ್ಟುತ್ತದೆ, ಗಾಳಿಕಿಂಡಿ ತೆರೆದಿರಲೇಬೇಕು. ಬೇಸಿಗೆಯ ಮಧ್ಯಾಹ್ನ ಇಡೀ ಕೋಣೆಯೇ 39 ಆದಾಗ ಯಾವ ಥರ್ಮೋಸ್ಟಾಟೂ ಏನೂ ಮಾಡಲಾರದು. ಅದಕ್ಕೆ ಬಿಸಿ ಮಾಡುವುದು ಮಾತ್ರ ಗೊತ್ತು, ತಂಪು ಮಾಡಲು ಬರುವುದಿಲ್ಲ. ಹೀಗಾಗಿ ಮಾರ್ಚ್ ನಡುವಿನಿಂದ ಮಳೆ ಬೀಳುವವರೆಗೆ ನನ್ನ ಪೆಟ್ಟಿಗೆ ಅಟ್ಟ ಸೇರುತ್ತದೆ. ಮರಿಯ ಹಂಗಾಮು ಎಂದರೆ ನನಗೆ ದಸರೆಯಿಂದ ಶಿವರಾತ್ರಿ.

ಆದರೆ ದಸರೆ ಆಚೆಗೆ ಇನ್ನೊಂದು ಶತ್ರು, ಒಣಗಾಳಿ. ಜೋಳ, ಕಡಲೆ ನಿಂತ ಹೊಲಗಳ ಮೇಲಿಂದ ಕಪ್ಪತಗುಡ್ಡದ ಕಡೆಯ ಗಾಳಿ ಬೀಸತೊಡಗಿದರೆ ತುಟಿ ಒಡೆಯುತ್ತದೆ, ತತ್ತಿಯೂ ಒಣಗುತ್ತದೆ. ಮೊದಲ 18 ದಿನ ಪೆಟ್ಟಿಗೆಯಲ್ಲಿ ತೇವಾಂಶ 50ರಿಂದ 55 ಇರಬೇಕು, ಕೊನೆಯ ಮೂರು ದಿನ 65ರಿಂದ 70. ಹೇಳುವುದು ಸುಲಭ. ನೂರಿನ್ನೂರು ರೂಪಾಯಿಯ ತೇವಮಾಪಕಗಳು ಸುಳ್ಳು ಹೇಳುತ್ತವೆ. ಅದಕ್ಕೊಂದು ಪರೀಕ್ಷೆ ಇದೆ: ಮುಚ್ಚಳದಲ್ಲಿ ಒಂದಿಷ್ಟು ಉಪ್ಪು ಹಾಕಿ, ಕರಗಿಹೋಗದಂತೆ ಹಸಿಯಾಗುವಷ್ಟೇ ನೀರು ಬಿಟ್ಟು, ಮಾಪಕದ ಜೊತೆ ಗಾಳಿ ಆಡದ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆ ಅದು 75 ತೋರಿಸಬೇಕು. 68 ತೋರಿಸಿದರೆ ಏಳು ಕಡಿಮೆ ಹೇಳುತ್ತದೆ ಎಂದು ಬರೆದಿಟ್ಟುಕೊಳ್ಳುವುದು.

ಅದಕ್ಕಿಂತ ನಂಬಿಕೆಯದು ತಕ್ಕಡಿ. 18 ದಿನದಲ್ಲಿ ತತ್ತಿ ತನ್ನ ತೂಕದ ಶೇ 11–12ರಷ್ಟನ್ನು ಬರೀ ನೀರಿನ ರೂಪದಲ್ಲಿ ಕಳೆದುಕೊಳ್ಳಬೇಕು. ನಮ್ಮ ಜವಾರಿ ತತ್ತಿ ಸುಮಾರು 45 ಗ್ರಾಂ ತೂಗುತ್ತದೆ. ಹತ್ತು ತತ್ತಿಯನ್ನು ಒಟ್ಟಿಗೆ ಇಟ್ಟರೆ 450 ಗ್ರಾಂ. 18ನೇ ದಿನಕ್ಕೆ 395–400ಕ್ಕೆ ಬಂದಿರಬೇಕು. ಆರನೇ ದಿನಕ್ಕೇ ಮೂವತ್ತು ಗ್ರಾಂ ಹೋಗಿದ್ದರೆ ನೀರಿನ ಬಟ್ಟಲು ಅಗಲವಾಗಬೇಕು. ಆಳವಾದರೆ ಉಪಯೋಗವಿಲ್ಲ, ಗಾಳಿಗೆ ತಾಗುವ ನೀರಿನ ಮೈ ಅಗಲವಾಗಬೇಕು. ಹತ್ತು ಗ್ರಾಂ ಮಾತ್ರ ಹೋಗಿದ್ದರೆ ಬಟ್ಟಲು ತೆಗೆಯಬೇಕು. ನೀರು ಕಳೆಯದ ತತ್ತಿಯಲ್ಲಿ ಗಾಳಿಕೋಣೆ ಸಣ್ಣದಾಗಿ, ಮರಿ ಮೊದಲ ಉಸಿರು ಎಳೆಯಲು ಜಾಗ ಸಾಲದೆ ಒಳಗೇ ಸಾಯುತ್ತದೆ. ಬೆಳ್ಳಿ ತೂಗುವಂಥ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಕೊಂಡಾಗ ಮನೆಯಲ್ಲಿ ನಕ್ಕರು. ಪೆಟ್ಟಿಗೆಗೆ ಹಾಕಿದ ದುಡ್ಡಿಗಿಂತ ತಕ್ಕಡಿಗೆ ಹಾಕಿದ್ದೇ ಹೆಚ್ಚು ದುಡಿದಿದೆ.

18ನೇ ದಿನ ಹೊರಳಿಸುವುದನ್ನು ನಿಲ್ಲಿಸಿ, ತತ್ತಿಗಳನ್ನು ಒರಟು ಬಟ್ಟೆಯ ಮೇಲೆ ಮಲಗಿಸಿ, ಮುಚ್ಚಿದ ಮೇಲೆ ತೆರೆಯಬಾರದು. ಇದು ಎಲ್ಲಕ್ಕಿಂತ ಕಷ್ಟ. 20ನೇ ದಿನ ಒಳಗಿನಿಂದ ಚಿಂವ್ ಚಿಂವ್ ಕೇಳಿಸುತ್ತದೆ. ಚಿಪ್ಪಿನಲ್ಲಿ ಒಂದು ನಕ್ಷತ್ರದಂಥ ಬಿರುಕು ಬೀಳುತ್ತದೆ, ಆಮೇಲೆ ತಾಸುಗಟ್ಟಲೆ ಏನೂ ಇಲ್ಲ. ಮನೆಯ ಮಕ್ಕಳೆಲ್ಲ ಸುತ್ತ ಕೂತು, ಕಾಕಾ ಅದನ್ನ ಬಿಡಸ್ರೀ ಎಂದು ಗೋಗರೆಯುತ್ತವೆ. ಮರಿ ಸುಮ್ಮನೆ ಮಲಗಿಲ್ಲ. ಹೊಟ್ಟೆಯ ಹೊರಗೆ ಉಳಿದ ಭಂಡಾರವನ್ನು, ಅಂದರೆ ತತ್ತಿಯ ಹಳದಿಯನ್ನು, ಒಳಗೆ ಎಳೆದುಕೊಳ್ಳುತ್ತಿರುತ್ತದೆ, ಪೊರೆಯ ನರಗಳಲ್ಲಿನ ರಕ್ತವನ್ನು ಮೈಗೆ ಸೇರಿಸಿಕೊಳ್ಳುತ್ತಿರುತ್ತದೆ. ಬಿರುಕಿನಿಂದ ಹೊರಬರುವವರೆಗೆ 12ರಿಂದ 24 ತಾಸು ಹಿಡಿದರೆ ಆತಂಕವಿಲ್ಲ. ನಡುವೆ ಕನಿಕರದಿಂದ ಮುಚ್ಚಳ ತೆಗೆದರೆ ನಮ್ಮ ಒಣಗಾಳಿ ನುಗ್ಗಿ ಪೊರೆ ಒಣಗಿ, ಮರಿಯ ಮೈಗೆ ಕಾಗದದಂತೆ ಅಂಟಿಕೊಳ್ಳುತ್ತದೆ. ಹೊರಬಂದ ಮರಿಗೂ ಅವಸರವಿಲ್ಲ. ಒಳಗೆಳೆದುಕೊಂಡ ಭಂಡಾರದ ಬಲದಲ್ಲಿ ಅದು ಎರಡು ದಿನ ಕಾಳು ನೀರು ಇಲ್ಲದೆ ಇರಬಲ್ಲದು.

ಇನ್ನು ಕೋಳಿಯ ವಿಷಯ. ಹೆಬ್ಬಾಳದಲ್ಲಿ ರೂಪಿಸಿ 1989ರಲ್ಲಿ ಹೊರತಂದ ಗಿರಿರಾಜ ನಮ್ಮ ಕಡೆಯ ಹಿತ್ತಿಲುಗಳಿಗೂ ಬಂದು ಬಹಳ ಕಾಲವಾಯಿತು. ತೂಕ ಚೆನ್ನಾಗಿ ಬರುತ್ತದೆ, ತತ್ತಿ ಹೆಚ್ಚು ಇಡುತ್ತದೆ, ಕಾವಿಗೆ ಕೂರುವುದು ಮಾತ್ರ ಅಪರೂಪ. ಕಾವಿಗೆ ಕೂತ ಕೋಳಿ ತತ್ತಿ ಇಡುವುದನ್ನು ನಿಲ್ಲಿಸುತ್ತದೆ. ಹೆಚ್ಚು ತತ್ತಿ ಬೇಕೆಂದು ತಳಿ ಆರಿಸುತ್ತ ಹೋದವರು ಆ ಗುಣವನ್ನೇ ಕಳಚಿಬಿಟ್ಟರು. ಹೀಗಾಗಿ ಗಿರಿರಾಜನ ತತ್ತಿಗೂ ಜವಾರಿಯೇ ಆಗಬೇಕು. ತನ್ನವಾದರೆ ಹತ್ತು ಹನ್ನೆರಡು ತತ್ತಿಯನ್ನು ರೆಕ್ಕೆಯಡಿ ಮುಚ್ಚುವ ಜವಾರಿ ಕೋಳಿಗೆ ಗಿರಿರಾಜನ ದಪ್ಪ ತತ್ತಿಯಾದರೆ ಎಂಟು ಸಾಕು. ಆಸೆಗೆ ಹೆಚ್ಚು ಇಟ್ಟರೆ ಅಂಚಿನವು ಸರದಿಯ ಮೇಲೆ ತಣ್ಣಗಾಗುತ್ತ ಎಲ್ಲವೂ ಕೆಡುತ್ತವೆ.

ಕಾವಿಗೆ ಬಂದ ಕೋಳಿಯನ್ನು ಗುರುತಿಸುವುದು ಕಷ್ಟವಲ್ಲ. ಗೂಡು ಬಿಟ್ಟು ಏಳುವುದಿಲ್ಲ, ಕೈ ಹತ್ತಿರ ಒಯ್ದರೆ ಪುಕ್ಕ ಕೆದರಿ ಗುರುಗುಡುತ್ತದೆ, ಎದೆಯ ಪುಕ್ಕ ಉದುರಿ ಬರಿಮೈ ತತ್ತಿಗೆ ತಾಗುತ್ತಿರುತ್ತದೆ. ಆದರೂ ಅದೇ ದಿನ ಒಳ್ಳೆಯ ತತ್ತಿ ಇಡುವುದಿಲ್ಲ. ಬೇಡವಾದ ಎರಡು ತತ್ತಿ ಇಟ್ಟು ಎರಡು ರಾತ್ರಿ ನೋಡುತ್ತೇನೆ. ಮನಸ್ಸು ಬದಲಿಸುವವು ಅಷ್ಟರಲ್ಲಿ ಎದ್ದುಹೋಗಿರುತ್ತವೆ. ಬುಟ್ಟಿಯ ತಳಕ್ಕೆ ಮಣ್ಣು, ಮೇಲೆ ಒಲೆಯ ಬೂದಿ, ಒಂದು ಹಿಡಿ ಬೇವಿನ ಎಲೆ, ಅದರ ಮೇಲೆ ಹುಲ್ಲು. ಬೂದಿ ಯಾಕೆಂದರೆ ಹೇನು. ಹೇನು ಹತ್ತಿದ ಕೋಳಿ ಎರಡನೇ ವಾರದಲ್ಲಿ ತತ್ತಿ ಬಿಟ್ಟು ಓಡುತ್ತದೆ. ಸಿಡಿಲಿಗೆ ತತ್ತಿ ಕೆಡದಿರಲೆಂದು ಅವ್ವ ಒಂದು ಕಬ್ಬಿಣದ ತುಂಡು, ಒಂದು ಇದ್ದಿಲು ಇಡುತ್ತಾಳೆ. ನಾನು ಅದನ್ನು ತೆಗೆಯಲು ಹೋಗಿಲ್ಲ. ಬುಟ್ಟಿ ಗಾಳಿಗೆ ಅಲುಗದಷ್ಟು ಭಾರವಂತೂ ಆಗುತ್ತದೆ.

ಅವ್ವನಿಗೂ ನನಗೂ ಮಷೀನಿನ ಬಗ್ಗೆ ಒಂದು ವರ್ಷ ಜಗಳ ನಡೆದು ಕೊನೆಗೆ ಅವಳೇ ಒಪ್ಪಂದ ಹಾಕಿದಳು: "ತತ್ತಿ ಬೇಕಾರ ನಿನ್ನ ಮಷೀನಿಗೆ ಹಾಕ್ಕೋ ತಮ್ಮಾ, ಮರಿ ಮಾತ್ರ ನನ್ನ ಕೋಳಿಗೆ ಕೊಡು." ಈಗ ನಮ್ಮಲ್ಲಿ ನಡೆಯುವುದು ಹಾಗೆಯೇ. ಪೆಟ್ಟಿಗೆಗೆ ತತ್ತಿ ಹಾಕಿದ ದಿನವೇ ಕಾವಿಗೆ ಬಂದ ಒಂದೋ ಎರಡೋ ಕೋಳಿಯ ಕೆಳಗೂ ತತ್ತಿ ಇಡುತ್ತೇವೆ. ಎರಡೂ ಕಡೆ ಒಂದೇ ಹೊತ್ತಿಗೆ ಮರಿ ಬರುತ್ತವೆ. ಅಂದು ರಾತ್ರಿ, ಕತ್ತಲಾದ ಮೇಲೆ, ದೀಪ ಹಚ್ಚದೆ, ಪೆಟ್ಟಿಗೆಯ ಮರಿಗಳನ್ನು ಒಂದೊಂದಾಗಿ ಕೋಳಿಯ ಎದೆಯ ಕೆಳಗೆ ಸರಿಸುತ್ತಾಳೆ ಅವ್ವ. ಬೆಳಿಗ್ಗೆ ಎದ್ದಾಗ ಕೋಳಿಗೆ ಎಲ್ಲವೂ ತನ್ನವೇ. ಹಗಲಲ್ಲಿ ಕೊಟ್ಟರೆ, ಅಥವಾ ಮರಿಗೆ ಮೂರ್ನಾಲ್ಕು ದಿನವಾದ ಮೇಲೆ ಕೊಟ್ಟರೆ, ಕುಕ್ಕಿ ಓಡಿಸುತ್ತದೆ. ಮರಿಯೂ ಅಷ್ಟರಲ್ಲಿ ಬಲ್ಬನ್ನೇ ತಾಯಿ ಎಂದುಕೊಂಡಿರುತ್ತದೆ. ಒಂದು ಕೋಳಿ ಹದಿನೈದು ಮರಿಯವರೆಗೆ ಸಾಕುತ್ತದೆ, ಚಳಿ ಹೆಚ್ಚಿದ್ದರೆ ಹನ್ನೆರಡು.

ಬಲ್ಬಿನ ಕೆಳಗೂ ಮರಿ ಸಾಕಬಹುದು. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗುವುದು. ಮರಿಗಳು ಗುಂಪುಗಟ್ಟಿ ಒಂದರ ಮೇಲೊಂದು ಬಿದ್ದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ. ಆದರೆ ಬಲ್ಬಿನ ಮರಿಗೆ ಹದ್ದು ಗೊತ್ತಿರುವುದಿಲ್ಲ. ಹೊಲದ ಅಂಚಿನ ನಮ್ಮಂಥ ಮನೆಗೆ ಅದೇ ದೊಡ್ಡ ನಷ್ಟ. ಕೋಳಿ ಒಂದು ಬಗೆಯ ಸಣ್ಣ ಎಳೆದ ದನಿ ತೆಗೆಯಿತೆಂದರೆ ಮರಿಗಳು ಕ್ಷಣದಲ್ಲಿ ಕಟ್ಟಿಗೆ ರಾಶಿಯ ಕೆಳಗೆ ಮಾಯ. ಗೆದ್ದಲು ಕೆದರಿ ತೋರಿಸುವುದು, ಮಧ್ಯಾಹ್ನ ನೆರಳು ಹಿಡಿಸುವುದು, ಮುಂಗುಸಿಯ ಮೇಲೆ ಎರಗುವುದು, ಇವಕ್ಕೆಲ್ಲ ಮಷೀನಿನಲ್ಲಿ ಸ್ವಿಚ್ಚಿಲ್ಲ.

ಕೋಳಿಯಿಂದ ಆಗದ ಒಂದು ಕೆಲಸ ಲಸಿಕೆ. ಕೊಕ್ಕರೆ ರೋಗ ಬಂದರೆ ವಾರದೊಳಗೆ ಇಡೀ ಓಣಿಯ ಕೋಳಿ ಖಾಲಿ. ಐದರಿಂದ ಏಳನೇ ದಿನದೊಳಗೆ ಕಣ್ಣಿಗೆ ಒಂದು ಹನಿ ಲಸೋಟಾ ಲಸಿಕೆ, ಎಂಟನೇ ವಾರಕ್ಕೆ ಚುಚ್ಚುಮದ್ದು. ತೊಡಕು ಏನೆಂದರೆ ಲಸಿಕೆಯ ಸೀಸೆ ನೂರು ಮರಿಗೆ, ಇನ್ನೂರು ಮರಿಗೆ ಬರುತ್ತದೆ. ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಮೂವತ್ತು ಮರಿ ಇರುವವನು ಒಬ್ಬನೇ ತಂದರೆ ಉಳಿದದ್ದು ಚರಂಡಿಗೆ. ಅದಕ್ಕೇ ನಮ್ಮ ಓಣಿಯ ನಾಲ್ಕೈದು ಮನೆಯವರು ಒಂದೇ ವಾರದಲ್ಲಿ ಕೋಳಿ ಕೂರಿಸಲು ಶುರು ಮಾಡಿದೆವು. ಪೆಟ್ಟಿಗೆ ನನ್ನದು, ಕಾವು ಕೋಳಿ ಯಾರದ್ದು ಸಿದ್ಧವಿದೆಯೋ ಅವರದ್ದು, ಸೀಸೆ ಎಲ್ಲರದ್ದು. ಮುಂಡರಗಿಯಿಂದ ಲಸಿಕೆಯನ್ನು ಥರ್ಮಾಸಿನಲ್ಲಿ ಐಸ್ ತುಂಬಿ ತರುವ ಸರದಿ ಈ ಸಲ ನನ್ನದು.