ಅಧ್ಯಕ್ಷರ ಕುರ್ಚಿ ಖಾಲಿಯಿದ್ದರೆ ಏನು ನಿಲ್ಲುತ್ತದೆ?
ಸ್ಥಳೀಯ ಸರ್ಕಾರದ ಪಾಠಕ್ಕೆ ಎರಡು ಅವಧಿಗಳ ಯೋಜನೆ

ಸಮಾಜ ವಿಜ್ಞಾನದ ಅಭ್ಯಾಸ ಬೋಧನೆಯಲ್ಲಿ ಸ್ಥಳೀಯ ಸರ್ಕಾರದ ಪಾಠ ಪ್ರಶಿಕ್ಷಣಾರ್ಥಿಗಳಿಗೆ ಸುಲಭವೆಂದು ತೋರುತ್ತದೆ. ಗ್ರಾಮ ಪಂಚಾಯತ್, ಪಟ್ಟಣ ಪಂಚಾಯತ್, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ ಎಂದು ಕಪ್ಪುಹಲಗೆಯ ಮೇಲೆ ಕೋಷ್ಟಕ ಬರೆದು, ಒಂದೊಂದರ ಮುಖ್ಯಸ್ಥರ ಹೆಸರು ತುಂಬಿಸಿದರೆ ಅವಧಿ ಮುಗಿಯುತ್ತದೆ. ಮಕ್ಕಳೂ ಪರೀಕ್ಷೆಯಲ್ಲಿ ಸರಿಯಾಗಿ ಬರೆಯುತ್ತಾರೆ. ಆದರೆ ಅಧ್ಯಕ್ಷರು ಅಥವಾ ಮಹಾಪೌರರು ಯಾಕೆ ಇದ್ದಾರೆ ಎಂಬ ಪ್ರಶ್ನೆಗೆ ಆ ಕೋಷ್ಟಕದಲ್ಲಿ ಉತ್ತರವಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಶಾಲೆಗಳಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ಈ ಘಟಕವನ್ನು ಬೋಧಿಸುವುದನ್ನು ನಾನು ವೀಕ್ಷಕನಾಗಿ ಕುಳಿತು ನೋಡಿದ್ದೇನೆ. ಆ ಪಾಠಗಳಿಂದ ರೂಪುಗೊಂಡ ಯೋಜನೆಯನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ವಿಷಯ ವಿಶ್ಲೇಷಣೆ

ತರಗತಿಗೆ ಹೋಗುವ ಮೊದಲು ಪ್ರಶಿಕ್ಷಣಾರ್ಥಿಗೆ ಕೆಲವು ಸಂಗತಿಗಳು ಸ್ಪಷ್ಟವಿರಬೇಕು. 74ನೇ ಸಂವಿಧಾನ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ನಗರ ಸ್ಥಳೀಯ ಸಂಸ್ಥೆಗಳಿಗೆ ಐದು ವರ್ಷಗಳ ಅವಧಿ, ಮೀಸಲಾತಿ, ರಾಜ್ಯ ಚುನಾವಣಾ ಆಯೋಗದ ಮೂಲಕ ಚುನಾವಣೆ ಇವೆಲ್ಲಕ್ಕೆ ಸಂವಿಧಾನದ ಬಲ ಸಿಕ್ಕಿದ್ದು ಅದರಿಂದ. ಆದರೆ ಮುಖ್ಯಸ್ಥರನ್ನು ಹೇಗೆ ಆರಿಸಬೇಕೆಂಬುದನ್ನು ಅದು ರಾಜ್ಯಗಳಿಗೇ ಬಿಟ್ಟಿತು. ಹಾಗಾಗಿ ಉತ್ತರ ಪ್ರದೇಶ, ಮಧ್ಯಪ್ರದೇಶಗಳಲ್ಲಿ ಮಹಾಪೌರರನ್ನು ಮತದಾರರೇ ನೇರವಾಗಿ ಆರಿಸುತ್ತಾರೆ. ಕರ್ನಾಟಕದಲ್ಲಿ ಜನರು ವಾರ್ಡಿನ ಸದಸ್ಯರನ್ನು ಆರಿಸಿದರೆ, ಆ ಸದಸ್ಯರು ತಮ್ಮೊಳಗೆ ಒಬ್ಬರನ್ನು ಆರಿಸುತ್ತಾರೆ.

ಪುರಸಭೆಗೆ ಅನ್ವಯಿಸುವುದು ಕರ್ನಾಟಕ ಪುರಸಭೆಗಳ ಅಧಿನಿಯಮ, 1964. ಅದರಂತೆ ಅಧ್ಯಕ್ಷ, ಉಪಾಧ್ಯಕ್ಷರ ಅವಧಿ ಈಗ 30 ತಿಂಗಳು. ಮಹಾನಗರ ಪಾಲಿಕೆಗಳಿಗೆ 1976ರ ಬೇರೆ ಅಧಿನಿಯಮವಿದೆ. ನಮಗೆ ಹತ್ತಿರದ ಮಂಗಳೂರು ಪಾಲಿಕೆಯಲ್ಲಿ 60 ವಾರ್ಡುಗಳು. ಅಲ್ಲಿ ಮಹಾಪೌರರ ಅವಧಿ ಒಂದೇ ವರ್ಷ. ಎರಡೂ ಕಡೆ ದಿನನಿತ್ಯದ ಆಡಳಿತ ನಡೆಸುವವರು ಸರ್ಕಾರಿ ಅಧಿಕಾರಿಗಳು: ಪುರಸಭೆಯಲ್ಲಿ ಮುಖ್ಯಾಧಿಕಾರಿ, ಪಾಲಿಕೆಯಲ್ಲಿ ಆಯುಕ್ತರು. ಅಧ್ಯಕ್ಷರು ಸಭೆ ನಡೆಸುತ್ತಾರೆ, ಹಣಕಾಸು ಮತ್ತು ಆಡಳಿತದ ಮೇಲೆ ಕಣ್ಣಿಡುತ್ತಾರೆ. ಅವರಿಲ್ಲದಾಗ ಆ ಸ್ಥಾನದಲ್ಲಿ ಉಪಾಧ್ಯಕ್ಷರು ಕೂರುತ್ತಾರೆ.

ಮೂರು ತಾಲೂಕು, ಮೂರು ಬಗೆ

ನಮ್ಮ ಮೂರು ತಾಲೂಕುಗಳು ಈ ಪಾಠಕ್ಕೆ ಸಿದ್ಧ ಕಲಿಕೋಪಕರಣದಂತಿವೆ. ಕುಂದಾಪುರದಲ್ಲಿ 23 ವಾರ್ಡುಗಳ ಪುರಸಭೆಯಿದೆ. ಬ್ರಹ್ಮಾವರ ತಾಲೂಕಿನ ಸಾಲಿಗ್ರಾಮದಲ್ಲಿ ಪಟ್ಟಣ ಪಂಚಾಯತ್ ಇದೆ. ಬ್ರಹ್ಮಾವರ ಪೇಟೆಯಾದರೋ 2018ರಲ್ಲಿ ತಾಲೂಕು ಕೇಂದ್ರವಾದಾಗಲೂ ವಾರಂಬಳ್ಳಿ, ಚಾಂತಾರು, ಹಂದಾಡಿ ಮುಂತಾದ ಗ್ರಾಮ ಪಂಚಾಯತ್‌ಗಳ ನಡುವೆ ಹಂಚಿಹೋಗಿತ್ತು. ಬೈಂದೂರಿನಲ್ಲಿ ಗ್ರಾಮ ಪಂಚಾಯತ್‌ಗಳನ್ನು ಸೇರಿಸಿ ಪಟ್ಟಣ ಪಂಚಾಯತ್ ಮಾಡಲಾಯಿತು. ಅದರ ಮೊದಲ ವರ್ಷಗಳು ಚುನಾಯಿತ ಸದಸ್ಯರಿಲ್ಲದೆ ಆಡಳಿತಾಧಿಕಾರಿಯ ಕೈಯಲ್ಲೇ ಕಳೆದವು. ಹೀಗಾಗಿ ಒಂದೇ ಪಾಠವನ್ನು ಮೂರು ಕಡೆ ಬೋಧಿಸುವಾಗ ಮಕ್ಕಳ ಪೂರ್ವಜ್ಞಾನ ಒಂದೇ ಆಗಿರುವುದಿಲ್ಲ. ಕುಂದಾಪುರದ ಮಗುವಿಗೆ ವಾರ್ಡಿನ ಸದಸ್ಯರ ಮುಖ ಗೊತ್ತು. ಬೈಂದೂರಿನ ಮಗುವಿಗೆ ಹಳೆಯ ಪಂಚಾಯತ್ ಸದಸ್ಯರು ಗೊತ್ತು, ಹೊಸ ಕಚೇರಿ ಗೊತ್ತು. ತನ್ನ ಓಣಿಯ ದೀಪ ಕೆಟ್ಟರೆ ಯಾರಿಗೆ ಹೇಳಬೇಕೆಂಬುದು ಗೊತ್ತಿಲ್ಲ. ಪಾಠವನ್ನು ಆ ಪ್ರಶ್ನೆಯಿಂದಲೇ ತೊಡಗಿಸಬಹುದು.

ಕಲಿಕಾ ಫಲಗಳು

ಎರಡು ಅವಧಿಗಳ ಕೊನೆಗೆ ವಿದ್ಯಾರ್ಥಿಯು,
1. ವಾರ್ಡಿನ ಚುನಾವಣೆಗೂ ಅಧ್ಯಕ್ಷರ ಆಯ್ಕೆಗೂ ಇರುವ ವ್ಯತ್ಯಾಸವನ್ನು ಹೇಳುವನು/ಳು.
2. ಅಧ್ಯಕ್ಷರ ಮತ್ತು ಮುಖ್ಯಾಧಿಕಾರಿಯ ಕೆಲಸಗಳನ್ನು ಬೇರ್ಪಡಿಸುವನು/ಳು.
3. ಮೀಸಲಾತಿ ಆಯ್ಕೆಯ ಫಲಿತಾಂಶವನ್ನು ಹೇಗೆ ಬದಲಿಸಬಲ್ಲದೆಂದು ವಿವರಿಸುವನು/ಳು.
4. ಅಧ್ಯಕ್ಷ ಸ್ಥಾನ ಖಾಲಿಯಿದ್ದಾಗ ಮತದಾರರಿಗಾಗುವ ನಷ್ಟವನ್ನು ತನ್ನ ಮಾತಿನಲ್ಲಿ ಬರೆಯುವನು/ಳು.

ಮೊದಲ ಅವಧಿ: ಅಣಕು ಆಯ್ಕೆ

ಕುಂದಾಪುರ ಪುರಸಭೆಯ ಗಾತ್ರ ಒಂದು ತರಗತಿಯ ಗಾತ್ರವೇ ಆಗಿರುವುದು ನಮ್ಮ ಅನುಕೂಲ. 23 ಸದಸ್ಯರು, ಅವರೊಂದಿಗೆ ಆ ಕ್ಷೇತ್ರದ ಶಾಸಕರು ಮತ್ತು ಸಂಸದರು, ಒಟ್ಟು 25 ಮತಗಳು. ಶಾಸಕ, ಸಂಸದರಿಗೆ ಮತ ಹಾಕುವ ಹಕ್ಕಿದೆ, ಸ್ಪರ್ಧಿಸುವ ಹಕ್ಕಿಲ್ಲ. ಸರ್ಕಾರ ನಾಮನಿರ್ದೇಶನ ಮಾಡಿದ ಸದಸ್ಯರು ಸಭೆಯಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ. ಉಳಿದ ಮಕ್ಕಳಲ್ಲಿ ಒಬ್ಬರು ಚುನಾವಣಾಧಿಕಾರಿ, ಒಬ್ಬರು ಮುಖ್ಯಾಧಿಕಾರಿ, ಇಬ್ಬರು ನಾಮನಿರ್ದೇಶಿತರು, ಮಿಕ್ಕವರು ಸಾರ್ವಜನಿಕರು. ಮತಕ್ಷೇತ್ರದ ವಿಷಯ ಬಂದಾಗ ಭೂಪಟ ತೂಗುಹಾಕಿ: ಕುಂದಾಪುರ ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ ಸೇರಿದರೆ, ಪಕ್ಕದ ಬೈಂದೂರು ಶಿವಮೊಗ್ಗ ಕ್ಷೇತ್ರಕ್ಕೆ ಸೇರುತ್ತದೆ. ಘಟ್ಟದ ಮೇಲಿನ ಸಂಸದರು ತಮ್ಮೂರಿನವರೂ ಹೌದೆಂದು ತಿಳಿದಾಗ ಬೈಂದೂರಿನ ಮಕ್ಕಳಿಗೆ ಭೂಪಟದ ಮೇಲೆ ಆಸಕ್ತಿ ಹುಟ್ಟುತ್ತದೆ.

ಪಕ್ಷಗಳ ಹೆಸರು ತರಗತಿಯೊಳಗೆ ಬರಕೂಡದು. ಅದಕ್ಕೆ ಬಣ್ಣದ ಚೀಟಿಗಳು ಸಾಕು. ನಾವು ಬಳಸಿದ ಹಂಚಿಕೆ ಹೀಗಿದೆ: ಶಾಸಕ, ಸಂಸದರೂ ಸೇರಿ ನೀಲಿ 13, ಹಸಿರು 10, ಹಳದಿ 2. ಬಹುಮತಕ್ಕೆ ಬೇಕಾದದ್ದು 13. ಚೀಟಿ ಕೈಗೆ ಬಂದ ಕೂಡಲೇ ನೀಲಿ ಗುಂಪಿನವರು ಗೆದ್ದೆವೆಂದು ಚಪ್ಪಾಳೆ ತಟ್ಟುತ್ತಾರೆ. ಆಗ ಚುನಾವಣಾಧಿಕಾರಿ ಎರಡನೇ ಪ್ರಕಟಣೆ ಓದಬೇಕು: ಈ ಅವಧಿಯ ಅಧ್ಯಕ್ಷ ಸ್ಥಾನ ವೃತ್ತದ ಗುರುತಿನ ಚೀಟಿಯವರಿಗೆ ಮೀಸಲು, ಉಪಾಧ್ಯಕ್ಷ ಸ್ಥಾನ ಸಾಮಾನ್ಯ. ವೃತ್ತದ ಗುರುತು ಎರಡೇ ಚೀಟಿಗಳಲ್ಲಿದೆ. ಒಂದು ಹಸಿರು, ಇನ್ನೊಂದು ಹಳದಿ. ನೀಲಿಯಲ್ಲಿ ಒಂದೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ನಿಜವಾದ ಪಟ್ಟಿಯಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ 'ಎ', 'ಬಿ', ಸಾಮಾನ್ಯ ಮತ್ತು ಇವುಗಳಲ್ಲಿ ಮಹಿಳೆ ಎಂಬ ವಿಭಾಗಗಳಿರುತ್ತವೆ. ಅವನ್ನು ಹಲಗೆಯ ಮೇಲೆ ವಿವರಿಸೋಣ. ಆದರೆ ಅಣಕು ಸಭೆಯಲ್ಲಿ ಯಾವ ಮಗುವಿನ ಜಾತಿಯನ್ನೂ ಕೇಳಬಾರದು, ಸೂಚಿಸಲೂಬಾರದು. ವೃತ್ತದ ಗುರುತು ಬಂದದ್ದು ಅದಕ್ಕಾಗಿ. ಮೀಸಲಾತಿಯ ನ್ಯಾಯವನ್ನು ಕಲಿಸಹೊರಟ ಪಾಠ, ಒಂದು ಮಗು ತಲೆತಗ್ಗಿಸುವಂತೆ ಮಾಡಿದರೆ ಪಾಠವೇ ಸೋತಂತೆ.

ಮುಂದಿನ ಹತ್ತು ನಿಮಿಷ ಶಿಕ್ಷಕರು ಸುಮ್ಮನಿರಬೇಕು. ನಾನು ನೋಡಿದ ಒಂದು ತರಗತಿಯಲ್ಲಿ ನೀಲಿಯವರು ಹಳದಿಯವರೊಂದಿಗೆ ಮಾತಾಡಿ, ಅಧ್ಯಕ್ಷತೆ ನಿಮಗೆ, ಉಪಾಧ್ಯಕ್ಷತೆ ನಮಗೆ ಎಂದು ಒಪ್ಪಂದ ಮಾಡಿಕೊಂಡರು. ಇನ್ನೊಂದರಲ್ಲಿ ಹಳದಿಯವರ ಬೇಡಿಕೆಗೆ ಸಿಟ್ಟಾಗಿ ತಟಸ್ಥರಾಗಿ ಕುಳಿತರು. ಹಸಿರಿನ ಅಭ್ಯರ್ಥಿ 10 ಮತಗಳಿಂದಲೇ ಗೆದ್ದಳು. ಬಹುಮತ ಪಡೆದ ಗುಂಪು ಅಧ್ಯಕ್ಷತೆ ಪಡೆಯಲಾಗದ ಇಂಥ ಸಂದರ್ಭಗಳು ರಾಜ್ಯದ ಪುರಸಭೆಗಳಲ್ಲಿ ನಿಜವಾಗಿಯೂ ಬಂದಿವೆ ಎಂದು ಶಿಕ್ಷಕರು ಆಮೇಲೆ ಹೇಳಬೇಕು, ಮೊದಲೇ ಅಲ್ಲ.

ಮತದಾನ ಕೈ ಎತ್ತುವ ಮೂಲಕ. ಮತಗಳು ಸಮವಾದರೆ ಚೀಟಿ ಎತ್ತಿ ನಿರ್ಧಾರ. ಈ ಹಂತದಲ್ಲಿ ಮೂರೂ ತಾಲೂಕುಗಳ ಮಕ್ಕಳಿಂದ ಬಂದ ಪ್ರಶ್ನೆ ಒಂದೇ: ನಮ್ಮ ಅಪ್ಪ-ಅಮ್ಮ ಗುಟ್ಟಾಗಿ ಮತ ಹಾಕುತ್ತಾರೆ, ಸದಸ್ಯರು ಮಾತ್ರ ಎಲ್ಲರೆದುರು ಕೈ ಎತ್ತುವುದೇಕೆ? ಉತ್ತರವನ್ನು ಮಕ್ಕಳಿಂದಲೇ ಹೊರಡಿಸಬಹುದು. ಮತದಾರ ತನ್ನ ಮತಕ್ಕೆ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ. ಅವನನ್ನು ಯಾರೂ ಬೆದರಿಸದಂತೆ ಗುಟ್ಟು ಕಾಯುತ್ತದೆ. ಸದಸ್ಯ ತನ್ನ ವಾರ್ಡಿನವರಿಗೆ ಲೆಕ್ಕ ಒಪ್ಪಿಸಬೇಕು. ಅವನ ಕೈ ಎಲ್ಲರಿಗೂ ಕಾಣಬೇಕು. ಪಕ್ಷದ ಚಿಹ್ನೆಯಿಂದ ಗೆದ್ದವರಿಗೆ ಸಚೇತಕಾಜ್ಞೆ ಅನ್ವಯಿಸುತ್ತದೆ, ಮೀರಿದರೆ 1987ರ ಪಕ್ಷಾಂತರ ನಿಷೇಧ ಅಧಿನಿಯಮದಂತೆ ಸದಸ್ಯತ್ವಕ್ಕೇ ಕುತ್ತು ಬರಬಹುದು ಎಂಬುದನ್ನು ಇಲ್ಲಿ ಸೇರಿಸಿ.

ಎರಡನೇ ಅವಧಿ: ಕುರ್ಚಿಯ ಬೆಲೆ

ಎರಡನೇ ಅವಧಿ ಅಣಕು ಸಾಮಾನ್ಯ ಸಭೆಯಿಂದ ಆರಂಭ. ಕಾರ್ಯಸೂಚಿಯಲ್ಲಿ ಎರಡೇ ವಿಷಯ: ಬೇಸಗೆಯ ಕುಡಿಯುವ ನೀರು, ಮಳೆಗಾಲಕ್ಕೆ ಮುಂಚೆ ಚರಂಡಿ ಸ್ವಚ್ಛತೆ. ಕೆಲಸಕ್ಕೆ ಹಣ ಬಿಡುಗಡೆ ಮಾಡುವುದು, ಗುತ್ತಿಗೆದಾರರಿಗೆ ಆದೇಶ ಕೊಡುವುದು ಮುಖ್ಯಾಧಿಕಾರಿ ಎಂದು ತಿಳಿದ ಕೂಡಲೇ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ, "ಹಂಗಾರೆ ಅಧ್ಯಕ್ಷ್ರ್ ಎಂತಕೆ?" ಇಡೀ ಘಟಕದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆಯಿಲ್ಲ. ಪ್ರಶಿಕ್ಷಣಾರ್ಥಿ ತಕ್ಷಣ ಉತ್ತರಿಸದೆ ಅದನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟದ್ದು ನನಗೆ ಮೆಚ್ಚುಗೆಯಾಯಿತು.

ಉತ್ತರ ಹುಡುಕಲು ನಾವು ಬಳಸಿದ್ದು ಕುಂದಾಪುರದ್ದೇ ಕಾಲರೇಖೆ. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಕಾರ್ಡುಗಳನ್ನು ಸಿಕ್ಕಿಸಿ. 2018ರ ಆಗಸ್ಟ್ 31, ಮತದಾನ. ಸೆಪ್ಟೆಂಬರ್ 3, ಎಣಿಕೆ. ಆಮೇಲಿನ ಕಾರ್ಡು 2020ರ ಕೊನೆಗೆ: ಅಧ್ಯಕ್ಷ, ಉಪಾಧ್ಯಕ್ಷರ ಆಯ್ಕೆ. ನಡುವೆ ಎರಡು ವರ್ಷಕ್ಕೂ ಮಿಕ್ಕಿದ ಖಾಲಿ ಹಗ್ಗ. ಅಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ರಾಜ್ಯದ ಅನೇಕ ಪುರಸಭೆಗಳಲ್ಲಿ ಹೀಗೇ ಆಯಿತು. ಮೊದಲ 30 ತಿಂಗಳು 2023ರಲ್ಲಿ ಮುಗಿಯಿತು. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ. ಅಲ್ಲಿ ಮತ್ತೊಂದು ಖಾಲಿ ಜಾಗ. ಅಧ್ಯಕ್ಷರಿಲ್ಲದ ಕಾಲದಲ್ಲಿ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯದೇ ಅಧಿಕಾರ.

ಈಗ ಮಕ್ಕಳನ್ನು ಕೇಳಿ: ಮೊದಲ ಖಾಲಿ ಹಗ್ಗದ ಕಾಲದಲ್ಲಿ ಏನು ನಿಂತಿತು, ಏನು ನಿಲ್ಲಲಿಲ್ಲ? ನಲ್ಲಿಯಲ್ಲಿ ನೀರು ಬಂತು. ಕಸದ ಗಾಡಿ ಬಂತು. ಮುಖ್ಯಾಧಿಕಾರಿಯ ಕಚೇರಿ ತೆರೆದೇ ಇತ್ತು. ಆದರೆ ಗೆದ್ದ 23 ಮಂದಿ ಒಟ್ಟಿಗೆ ಕುಳಿತು, ನಮ್ಮ ವಾರ್ಡಿನ ಚರಂಡಿಗೆ ಯಾಕೆ ಹಣವಿಲ್ಲ ಎಂದು ಅಧಿಕಾರಿಯನ್ನು ಕೇಳುವ ಸಭೆ ಇರಲಿಲ್ಲ. ಜನ ಮತ ಹಾಕಿದ್ದರು, ಮತಕ್ಕೆ ಬಾಯಿ ಬಂದಿರಲಿಲ್ಲ. ಅಧ್ಯಕ್ಷರ ಕುರ್ಚಿಯ ಬೆಲೆ ಇದೇ. ಚೆಕ್ಕಿಗೆ ಸಹಿ ಯಾರದ್ದಾದರೂ ಇರಲಿ, ಸಹಿ ಮಾಡಿದವರನ್ನು ಪ್ರಶ್ನಿಸುವ ಸಭೆ ಸೇರುವುದು ಆ ಕುರ್ಚಿ ತುಂಬಿದಾಗ.

ಸಾದೃಶ್ಯ ಬೇಕೆಂದರೆ ಯಕ್ಷಗಾನ ನಮ್ಮ ಕೈಗೆಟಕುವಂತಿದೆ. ಭಾಗವತರು ವೇಷ ಕಟ್ಟುವುದಿಲ್ಲ, ಕುಣಿಯುವುದಿಲ್ಲ, ಯುದ್ಧ ಮಾಡುವುದಿಲ್ಲ. ಆದರೆ ಅವರು ಪದ ಎತ್ತದೆ ರಂಗದಲ್ಲಿ ಯಾರ ಹೆಜ್ಜೆಯೂ ಮುಂದೆ ಸಾಗದು. ಸಾದೃಶ್ಯ ಕೊಟ್ಟ ಬಳಿಕ ಅದರ ಮಿತಿಯನ್ನೂ ಮಕ್ಕಳಿಂದ ಹೇಳಿಸಿ. ಬ್ರಹ್ಮಾವರದ ಕಡೆಯ ಒಬ್ಬ ಹುಡುಗಿ ಕೂಡಲೇ ಹೇಳಿದಳು: ಭಾಗವತರನ್ನು ವೇಷಧಾರಿಗಳು ಮತ ಹಾಕಿ ಆರಿಸುವುದಿಲ್ಲ, 30 ತಿಂಗಳಿಗೊಮ್ಮೆ ಬದಲಿಸುವುದೂ ಇಲ್ಲ.

ಇದೇ ಅವಧಿಯ ಇನ್ನೊಂದು ಘಟನೆಯನ್ನು ಹೇಳಲೇಬೇಕು. ಒಂದು ಶಾಲೆಯಲ್ಲಿ ಅಧ್ಯಕ್ಷೆಯಾಗಿ ಆಯ್ಕೆಯಾದ ಹುಡುಗಿಯ ಹಿಂದೆ ಇಬ್ಬರು ಹುಡುಗರು ನಿಂತು, ಹೀಗೆ ಹೇಳು, ಹಾಗೆ ಹೇಳು ಎಂದು ಪಿಸುಗುಡುತ್ತಿದ್ದರು. ಊರಲ್ಲಿ ಕಂಡದ್ದನ್ನೇ ಅವರು ಆಡಿ ತೋರಿಸುತ್ತಿದ್ದರು. ನಗರಸಂಸ್ಥೆಗಳಲ್ಲಿ ಮಹಿಳೆಯರಿಗೆ ಸಂವಿಧಾನ ಹೇಳಿದ್ದು ಕನಿಷ್ಠ ಮೂರನೇ ಒಂದು ಪಾಲು. ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿದೆ. ಆದರೂ ಕುರ್ಚಿಯ ಹಿಂದಿನ ಪಿಸುಮಾತು ನಿಂತಿಲ್ಲವೆಂದು ಮಕ್ಕಳಿಗೆ ಗೊತ್ತು. ಪ್ರಶಿಕ್ಷಣಾರ್ಥಿ ಹುಡುಗರನ್ನು ಗದರಿಸಲಿಲ್ಲ. ಚುನಾವಣಾಧಿಕಾರಿಯಾಗಿದ್ದ ಹುಡುಗನ ಕಡೆ ತಿರುಗಿ, "ಈ ಸಭೆಯಲ್ಲಿ ಯಾರು ಯಾವಾಗ ಮಾತಾಡಬೇಕೆಂದು ನಿರ್ಧರಿಸುವವರು ಯಾರು?" ಎಂದು ಮಾತ್ರ ಕೇಳಿದಳು. ಅವನು ಅಧ್ಯಕ್ಷೆಯನ್ನು ತೋರಿಸಿದ. ಹುಡುಗಿ ಒಂದು ಕ್ಷಣ ಸುಮ್ಮನಿದ್ದು, ಹಿಂದೆ ತಿರುಗಿ, "ನೀವ್ ಕೂಕಣಿ. ನಿಮ್ಮ್ ವಾರ್ಡ್ ಬಂದಾಗ ಕರಿತೆ" ಎಂದಳು. ತರಗತಿ ನಕ್ಕಿತು, ಹುಡುಗರು ಹೋಗಿ ಕುಳಿತರು. ಹಲಗೆಯ ಮೂಲೆಯಲ್ಲಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲಿ.

ವಿಸ್ತರಣೆ

ಸಮಯವಿದ್ದರೆ ಬೇರೆ ಊರುಗಳತ್ತ ನೋಡಬಹುದು. ಮೈಸೂರು ದಸರಾ ಮೆರವಣಿಗೆಯಲ್ಲಿ ಮಹಾಪೌರರು ಕುದುರೆಯೇರಿ ಸಾಗುವ ಪದ್ಧತಿಯಿದೆ. ಅದಕ್ಕಾಗಿ ಸವಾರಿ ಕಲಿತವರೂ ಇದ್ದಾರೆ. ಲಂಡನ್ನಿನಲ್ಲಿ ಇಬ್ಬರು ಮೇಯರ್‌ಗಳು: ಹಳೆಯ ನಗರಭಾಗಕ್ಕೆ ವರ್ಷಕ್ಕೊಬ್ಬ ಲಾರ್ಡ್ ಮೇಯರ್, ಬಹುಮಟ್ಟಿಗೆ ಗೌರವದ ಹುದ್ದೆ, ಇಡೀ ಮಹಾನಗರಕ್ಕೆ 2000ದಿಂದ ಜನರೇ ಆರಿಸುವ ಮೇಯರ್, ಆಡಳಿತದ ಹುದ್ದೆ. ಗೌನು, ಕುದುರೆ, ಕೆಂಪು ದೀಪಗಳ ಮಾತಿನಲ್ಲೇ ಅವಧಿ ಕಳೆಯದಂತೆ ನೋಡಿಕೊಳ್ಳಿ. ನೇರ ಆಯ್ಕೆ ಒಳ್ಳೆಯದೋ, ಸದಸ್ಯರ ಮೂಲಕ ಆಯ್ಕೆ ಒಳ್ಳೆಯದೋ ಎಂಬ ಚರ್ಚೆಗೆ ಇವು ಪೀಠಿಕೆ ಮಾತ್ರ.

ಮೌಲ್ಯಮಾಪನ

ಬಾಯಿಪಾಠದ ಪ್ರಶ್ನೆಗಳಿಗಿಂತ ಸನ್ನಿವೇಶದ ಪ್ರಶ್ನೆಗಳು ಮೇಲು. ನಾವು ಬಳಸಿದ ಮೂರನ್ನು ಕೊಡುತ್ತೇನೆ.

1. 25 ಮತಗಳ ಸಭೆಗೆ 24 ಮಂದಿ ಬಂದು, ಇಬ್ಬರು ಅಭ್ಯರ್ಥಿಗಳಿಗೆ ತಲಾ 12 ಮತ ಬಂದರೆ ಮುಂದೇನು?
2. ಶಾಸಕರು ಅಧ್ಯಕ್ಷರಾಗಬಹುದೇ? ಯಾಕೆ?
3. ನಿಮ್ಮ ವಾರ್ಡಿನ ಸದಸ್ಯರು ಗೆದ್ದಿದ್ದಾರೆ, ಅಧ್ಯಕ್ಷರ ಆಯ್ಕೆ ಆಗಿಲ್ಲ. ನಿಮ್ಮ ಮನೆಯವರ ಮತಕ್ಕೆ ಏನಾಯಿತು? ಐದು ವಾಕ್ಯ ಬರೆಯಿರಿ.

ಮೂರನೆಯದರ ಉತ್ತರದಲ್ಲಿ 'ಸಭೆ' ಎಂಬ ಪದ ಬಂದರೆ ಮಗು ಪಾಠದ ತಿರುಳನ್ನು ಹಿಡಿದಿದೆ ಎಂದು ತಿಳಿಯಬಹುದು.

ಪ್ರಶಿಕ್ಷಣಾರ್ಥಿಗಳಿಗೆ ಕೊನೆಯ ಮಾತು

'ಅಧ್ಯಕ್ಷರು ನಾಮಮಾತ್ರದ ಮುಖ್ಯಸ್ಥರು' ಎಂಬ ವಾಕ್ಯ ಟಿಪ್ಪಣಿ ಪುಸ್ತಕಗಳಲ್ಲಿ ಹೇರಳವಾಗಿ ಸಿಗುತ್ತದೆ. ಅದನ್ನು ಹಾಗೇ ಬರೆಸಬೇಡಿ. ಯಾವ ಕೆಲಸಕ್ಕೆ ನಾಮಮಾತ್ರ, ಯಾವ ಕೆಲಸಕ್ಕೆ ಅಲ್ಲ ಎಂದು ಎರಡು ಕಂಬಸಾಲು ಮಾಡಿ ಮಕ್ಕಳಿಂದಲೇ ತುಂಬಿಸಿ. ಮನೆಗೆಲಸವಾಗಿ, ತಮ್ಮ ಊರಿನ ಪುರಸಭೆಯೋ ಪಂಚಾಯತೋ ಕಳೆದ ಬಾರಿ ಯಾವಾಗ ಸಭೆ ಸೇರಿತೆಂದು ಕೇಳಿ ಬರಲು ಹೇಳಿ. ಕೆಲವರು ದಿನಾಂಕ ತರುತ್ತಾರೆ, ಕೆಲವರು ಬರಿಗೈಯಲ್ಲಿ ಬರುತ್ತಾರೆ. ಬರಿಗೈಯಲ್ಲಿ ಬಂದವರ ಉತ್ತರವನ್ನೂ ಹಲಗೆಯ ಮೇಲೆ ಬರೆಯಿರಿ. ಮರುದಿನದ ಪಾಠ ಅದರಿಂದಲೇ ಶುರುವಾಗಲಿ.