ಮಗಳ ಪಾಲಿನ ಪಿಂಚಣಿ

ರಾಜರಾಜೇಶ್ವರಿನಗರ

ಪ್ರೀತಿಯ ಮಗಳೇ,

ತೀರಿಕೊಂಡ ನಿನ್ನ ಮಾಜಿ ಗಂಡನ ಕುಟುಂಬ ಪಿಂಚಣಿ ಅಂಚೆ ಇಲಾಖೆಯಿಂದ ನಿನ್ನ ಹೆಸರಿಗೆ ಬರುವುದಿಲ್ಲ. ಕಹಿಯಾದರೂ ಇದನ್ನೇ ಮೊದಲು ಬರೆಯುತ್ತಿದ್ದೇನೆ, ಯಾಕೆಂದರೆ ಇಷ್ಟು ದಿನ ಯಾರೂ ನಿನಗೆ ನೇರವಾಗಿ ಹೇಳಿಲ್ಲ. ಒಬ್ಬರು ‘ನೋಡೋಣ’ ಅಂದರು, ಇನ್ನೊಬ್ಬರು ‘ಬರಬೇಕಲ್ಲ’ ಅಂದರು, ನಿನ್ನ ಅರ್ಜಿ ಬರೆಸಿದ ಮಧ್ಯವರ್ತಿ ಮಹಾಶಯ ‘ಸ್ವಲ್ಪ ಖರ್ಚಾಗುತ್ತೆ’ ಅಂದ. ನೀನು ರಾಜರಾಜೇಶ್ವರಿ ಅಮ್ಮನಿಗೆ ಹರಕೆಯನ್ನೂ ಹೊತ್ತಿದ್ದೀಯಂತೆ. ಹರಕೆ ಬೇಡ ಅನ್ನುವುದಿಲ್ಲ, ಆ ಮನುಷ್ಯನಿಗೆ ಮಾತ್ರ ಇನ್ನೊಂದು ಪೈಸೆ ಕೊಡಬೇಡ.

ಪಿಂಚಣಿ ಶಾಖೆಯ ಫೈಲುಗಳ ನಡುವೆ ಕೂದಲು ನರೆಸಿಕೊಂಡವಳು ನಾನು. ಈಗ ನಾನೂ ಯಜಮಾನರ ಕುಟುಂಬ ಪಿಂಚಣಿ ತೆಗೆದುಕೊಂಡು, ನವೆಂಬರ್ ಬಂತೆಂದರೆ ಬದುಕಿದ್ದೇನೆ ಎಂದು ಬ್ಯಾಂಕಿಗೆ ತೋರಿಸಿ ಬರುತ್ತೇನೆ. ಕೌಂಟರಿನ ಎರಡೂ ಕಡೆ ನಿಂತು ನೋಡಿದವಳ ಮಾತು ಅಂದುಕೊಂಡು ಓದು. ನಿನ್ನಂಥವರು ನಮ್ಮ ಬಡಾವಣೆಯಲ್ಲೇ ಇನ್ನೂ ಇದ್ದಾರೆ, ಅವರೂ ಓದಲಿ ಎಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಕುಟುಂಬ ಪಿಂಚಣಿ ಗಂಡನ ಆಸ್ತಿಯಲ್ಲ. ಮನೆ, ಸೈಟು, ಬ್ಯಾಂಕಿನ ಹಣದ ಹಾಗೆ ಅದನ್ನು ಯಾರಿಗೂ ಬರೆದುಕೊಡಲು ಬರುವುದಿಲ್ಲ. ರೈಲ್ವೆ ನೌಕರನೊಬ್ಬನ ಪ್ರಕರಣದಲ್ಲಿ ತಮ್ಮನೊಬ್ಬ ಉಯಿಲು ಹಿಡಿದು ಬಂದಾಗ ಸುಪ್ರೀಂ ಕೋರ್ಟು 1991ರಲ್ಲಿ ಇದನ್ನೇ ಹೇಳಿತು. ನಿಯಮದಲ್ಲಿ ಹೆಸರಿಸಿದ ಕುಟುಂಬದವರಿಗೆ ಮಾತ್ರ ಅದು ಸಲ್ಲುತ್ತದೆ, ಸತ್ತವನ ಇಷ್ಟಾನಿಷ್ಟ ಅಲ್ಲಿ ನಡೆಯುವುದಿಲ್ಲ. ಹಾಗಾಗಿ ಸಿದ್ದಯ್ಯ ರಸ್ತೆಯ ಕುಟುಂಬ ನ್ಯಾಯಾಲಯ, ನ್ಯಾಯದೇಗುಲದ ಮೆಟ್ಟಿಲ ಮೇಲೆ ನಿನ್ನ ಮಾಜಿ ಗಂಡ ನಿನಗೆ ಹೇಳಿದನಲ್ಲ, ‘ನಾನು ಹೋದಮೇಲೆ ಪೆನ್ಷನ್ ನಿನಗೇ’ ಅಂತ, ಮನಸಾರೆ ಹೇಳಿದ್ದರೂ ಅದು ಬರಿ ಮಾತು. ಡಿಕ್ರಿ ಆದ ದಿನವೇ ನಿಯಮದ ಲೆಕ್ಕದಲ್ಲಿ ನೀನು ಆತನ ಹೆಂಡತಿಯಾಗಿ ಉಳಿಯಲಿಲ್ಲ, ಆದ್ದರಿಂದ ಆತ ತೀರಿಕೊಂಡಾಗ ವಿಧವೆಯೂ ಆಗಲಿಲ್ಲ. ನ್ಯಾಯಿಕ ಪ್ರತ್ಯೇಕತೆ ಮಾತ್ರ ಆಗಿ ವಿಚ್ಛೇದನ ಆಗದಿದ್ದರೆ ಮಾತು ಬೇರೆ. ಅಂಥ ಹೆಂಡತಿಯನ್ನು ನಿಯಮ ಪೂರ್ತಿ ಹೊರಗಿಡುವುದಿಲ್ಲ. ಗಂಡ ಏಕಪಕ್ಷೀಯವಾಗಿ ಡಿಕ್ರಿ ತೆಗೆದುಕೊಂಡು ಸತ್ತಿದ್ದರೂ ದಾರಿ ಇತ್ತು. ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ, ಗಂಡ ಸತ್ತಮೇಲೂ ಅಂಥ ಡಿಕ್ರಿ ರದ್ದು ಮಾಡಿ ಎಂದು ಹೆಂಡತಿ ಕೇಳಬಹುದು ಎಂದು 1996ರಲ್ಲಿ ಸುಪ್ರೀಂ ಕೋರ್ಟು ಒಪ್ಪಿತು. ನಿನ್ನದು ಇಬ್ಬರೂ ಒಪ್ಪಿ ಸಹಿ ಹಾಕಿದ ವಿಚ್ಛೇದನ. ಆ ಬಾಗಿಲು ತಟ್ಟಿ ಪ್ರಯೋಜನವಿಲ್ಲ.

ಇದು ನ್ಯಾಯವೇ ಅಂತ ಕೇಳಿದರೆ, ನನ್ನ ಮಟ್ಟಿಗೆ ಪೂರ್ತಿ ನ್ಯಾಯವಲ್ಲ. ನಕಾರಾ ಪ್ರಕರಣದಲ್ಲಿ 1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು, ಪಿಂಚಣಿ ಸರ್ಕಾರದ ದಯೆಯಲ್ಲ, ಮಾಡಿದ ಸೇವೆಗೆ ಸಲ್ಲುವ ಹಕ್ಕು ಎಂದಿತು. ಪಿಂಚಣಿದಾರರು ಈಗಲೂ ಆ ದಿನವನ್ನು ಹಬ್ಬದ ಹಾಗೆ ಆಚರಿಸುತ್ತಾರೆ. ಹಾಗಾದರೆ ಆ ಸೇವೆಯ ವರ್ಷಗಳಲ್ಲಿ ಬೆಳಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟಿದವಳು, ವರ್ಗವಾದಲ್ಲೆಲ್ಲ ಪಾತ್ರೆಪಡಗ ಹೊತ್ತು ಹೋದವಳು ಯಾರು? ಆ ದುಡಿಮೆಗೆ ಸರ್ವಿಸ್ ಬುಕ್ಕಿನಲ್ಲಿ ಕಾಲಂ ಇಲ್ಲ. ನ್ಯೂಜೆರ್ಸಿಯಿಂದ ನಿನ್ನ ಚಿಕ್ಕಪ್ಪನ ಮಗಳು ಫೋನಿನಲ್ಲಿ ಹೇಳಿದ್ದೂ ಸುಳ್ಳಲ್ಲ. ಅಮೆರಿಕದ ಸೋಷಿಯಲ್ ಸೆಕ್ಯುರಿಟಿಯಲ್ಲಿ, ಮದುವೆ ಹತ್ತು ವರ್ಷ ಬಾಳಿದ್ದರೆ, ಮಾಜಿ ಗಂಡ ತೀರಿಕೊಂಡ ಮೇಲೆ ವಿಚ್ಛೇದಿತೆಗೂ ಸಾಮಾನ್ಯವಾಗಿ 60ನೇ ವಯಸ್ಸಿನಿಂದ ಹಣ ಸಿಗುತ್ತದೆ. ಬ್ರಿಟನ್ನಿನಲ್ಲಿ 2000ದ ಡಿಸೆಂಬರಿನಿಂದ ವಿಚ್ಛೇದನದ ಹೊತ್ತಿನಲ್ಲೇ ಕೋರ್ಟು ಪಿಂಚಣಿಯನ್ನು ಹಂಚಿಕೊಡಬಹುದು. ನಮ್ಮಲ್ಲಿ ಆ ಕಾನೂನು ಬಂದಿಲ್ಲ. ಬರಬೇಕು ಎನ್ನುವವರ ಸಾಲಿನಲ್ಲಿ ನಾನೂ ಇದ್ದೇನೆ. ಆದರೆ ಅದು ಬರಲಿ ಎಂದು ಕಾಯುವಷ್ಟು ಪುರುಸೊತ್ತು ನಿನಗಿಲ್ಲ, ಯಾಕೆ ಅಂದರೆ ನಿನ್ನ ಮಗಳಿಗೆ ಈಗಾಗಲೇ ಹದಿನಾರು.

ವಿಷಯ ಇರುವುದೇ ಇಲ್ಲಿ. ನೀನು ನಿನಗೆಂದು ಕಾಯುತ್ತ ಕೂತ ಪ್ರತಿ ತಿಂಗಳೂ ಅವಳ ಹಣ ಕೈತಪ್ಪುತ್ತಿದೆ. ಗಂಡಹೆಂಡತಿಗೆ ವಿಚ್ಛೇದನ ಆಗಬಹುದು, ಅಪ್ಪಮಗಳಿಗೆ ಆಗುವುದಿಲ್ಲ. ಕೇಂದ್ರದ ಪಿಂಚಣಿ ನಿಯಮ, ಮೊದಲು 1972ರದ್ದು, ಈಗ 2021ರದ್ದು, ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ವಿಚ್ಛೇದಿತ ಹೆಂಡತಿಯ ಮಗುವಿಗೆ, ತಾಯಿಗೆ ವಿಚ್ಛೇದನವೇ ಆಗಿರದಿದ್ದರೆ ಅವಳಿಗೆ ಎಷ್ಟು ಪಾಲು ಬರುತ್ತಿತ್ತೋ ಅಷ್ಟು ಸಲ್ಲಬೇಕು. ಆತ ಮತ್ತೆ ಮದುವೆಯಾಗಿದ್ದ. ಆ ಹೆಣ್ಣುಮಗಳು ಕಾನೂನುಬದ್ಧ ವಿಧವೆ, ಅವಳಿಗೆ ಅರ್ಧ. ಇನ್ನರ್ಧ ನಿನ್ನ ಮಗಳಿಗೆ.

ಆತ 2004ಕ್ಕೆ ಮೊದಲೇ ಕೆಲಸಕ್ಕೆ ಸೇರಿದ್ದರಿಂದ ಹಳೆಯ ಪಿಂಚಣಿ ಪದ್ಧತಿ. ಸೇವೆಯಲ್ಲಿದ್ದಾಗಲೇ ತೀರಿಕೊಂಡಿದ್ದರಿಂದ ಮೊದಲ ಹತ್ತು ವರ್ಷ ಕೊನೆಯ ಮೂಲವೇತನದ ಅರ್ಧದಷ್ಟು, ಆಮೇಲೆ ಶೇ. 30. ಮೂಲವೇತನ 60,000 ಇತ್ತು ಅಂದುಕೋ. ಪಿಂಚಣಿ 30,000 ಆಗುತ್ತದೆ, ಅದರಲ್ಲಿ ಮಗಳ ಪಾಲು 15,000, ಮೇಲೆ ತುಟ್ಟಿ ಪರಿಹಾರ (ಡಿ.ಆರ್.). ಅವಳಿಗೆ 25 ತುಂಬುವವರೆಗೆ, ಅಥವಾ ಮದುವೆಯಾಗುವವರೆಗೆ, ಅಥವಾ ಅವಳೇ ಸಂಪಾದಿಸುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ. ಪಿಯುಸಿ, ಡಿಗ್ರಿ, ಹಾಸ್ಟೆಲು, ಎಲ್ಲ ಅದರಲ್ಲಿ ಬಂತು. ಅವಳಿಗೆ ಹದಿನೆಂಟು ತುಂಬುವವರೆಗೆ ಪೋಷಕಿಯಾಗಿ ನೀನೇ ಅರ್ಜಿ ಹಾಕಿ ಹಣ ಪಡೆಯಬಹುದು. ನೀನು ಸುಮ್ಮನಿದ್ದರೆ ಪೂರ್ತಿ ಪಿಂಚಣಿ ಇನ್ನೊಬ್ಬರ ಖಾತೆಗೆ ಹೋಗುತ್ತದೆ, ಹೋದ ಹಣವನ್ನು ಹಿಂದಕ್ಕೆ ತರಿಸುವ ಪಾಡು ವೈರಿಗೂ ಬೇಡ.

‘ಆ ವಿಧವೆಯ ಅನ್ನಕ್ಕೆ ಕಲ್ಲು ಹಾಕಿದ ಹಾಗಾಗುತ್ತದೆ’ ಎಂದು ಹಿಂಜರಿಯಬೇಡ. ನೀನೇನೂ ಅವಳದ್ದನ್ನು ಕಿತ್ತುಕೊಳ್ಳುತ್ತಿಲ್ಲ. ನಿನ್ನ ಮಗಳ ಪಾಲು ನಿಂತ ದಿನದಿಂದ ಅದು ಅವಳಿಗೇ ಹೋಗುತ್ತದೆ. ಜಗಳವಾಡುವ ಅಗತ್ಯವೇ ಇಲ್ಲ, ಸಾಧ್ಯವಾದರೆ ಒಮ್ಮೆ ಫೋನ್ ಮಾಡಿ ಹೇಳಿಬಿಡು. ಗ್ರಾಚ್ಯುಟಿ, ಜಿ.ಪಿ.ಎಫ್. ವಿಚಾರವನ್ನೂ ಕೇಳು. ಅಲ್ಲಿ ನಾಮಿನೇಷನ್ ಯಾರ ಹೆಸರಿಗಿದೆ ಎಂದು ನೋಡಬೇಕು. ಆಸ್ತಿಯಾಗಿ ಉಳಿದದ್ದರಲ್ಲಿ ಮಗಳು, ವಿಧವೆ, ಆತನ ತಾಯಿ ಮೂವರೂ ಹಿಂದೂ ಉತ್ತರಾಧಿಕಾರ ಕಾಯ್ದೆಯ ಮೊದಲ ವರ್ಗದ ವಾರಸುದಾರರು.

ಬಿ.ಇ.ಎಂ.ಎಲ್. ಬಡಾವಣೆಯ ನಿನ್ನ ಗೆಳತಿ ಹೇಳುವುದು ಬೇರೆ ಕಥೆ, ಗೊಂದಲ ಮಾಡಿಕೊಳ್ಳಬೇಡ. ಅವಳಿಗೆ ಬರುತ್ತಿರುವುದು ಪಿ.ಎಫ್. ಕಚೇರಿ ಕೊಡುವ 1995ರ ಯೋಜನೆಯ ಪಿಂಚಣಿ. ಅದರ ಕಾನೂನೂ ಬೇರೆ, ಮೊತ್ತವೂ ಬೇರೆ. ರಾಜ್ಯ ಸರ್ಕಾರದ ನೌಕರರಿಗೆ ರಾಜ್ಯದ್ದೇ ನಿಯಮಗಳು.

ಇನ್ನು ನಿನ್ನ ವಿಚಾರ. ಹೆಂಡತಿಯಾಗಿ ಮುಚ್ಚಿದ ಬಾಗಿಲು ಮಗಳಾಗಿ ತೆರೆಯಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ನಿನ್ನ ತಂದೆ ರೈಲ್ವೆಯಲ್ಲಿದ್ದರು, ಈಗ ತಾಯಿಗೆ ಕುಟುಂಬ ಪಿಂಚಣಿ ಬರುತ್ತಿದೆ. ದೇವರು ಅವರಿಗೆ ಆಯಸ್ಸು ಕೊಡಲಿ, ಅವರ ಕಾಲಾನಂತರ, ನಿನಗಿಂತ ಮೊದಲು ಅರ್ಹರಾದವರು ಯಾರೂ ಇಲ್ಲದಿದ್ದರೆ, ವಿಚ್ಛೇದಿತ ಮಗಳಾಗಿ ನೀನು ಅದನ್ನು ಕೇಳಬಹುದು. ಮತ್ತೆ ಮದುವೆಯಾಗಿರಬಾರದು, ಆದಾಯ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿ ಪರಿಹಾರ ಮೀರಬಾರದು. ಎಲ್ಲಕ್ಕಿಂತ ದೊಡ್ಡ ಷರತ್ತು ತಾರೀಖು. ತಂದೆತಾಯಿಯಲ್ಲಿ ಒಬ್ಬರಾದರೂ ಬದುಕಿರುವಾಗಲೇ ವಿಚ್ಛೇದನ ಆಗಿರಬೇಕು. 2017ರ ಸಡಿಲಿಕೆಯ ಪ್ರಕಾರ ಕೊನೇಪಕ್ಷ ಅರ್ಜಿಯಾದರೂ ಆಗ ಕೋರ್ಟಿನಲ್ಲಿರಬೇಕು. ನಿನ್ನ ಡಿಕ್ರಿ ಬಂದಾಗ ಅಮ್ಮ ಇದ್ದರು, ಈಗಲೂ ಇದ್ದಾರೆ. ಅದು ನಿನ್ನ ಪುಣ್ಯ.

ತಾರೀಖು ಹೇಗೆ ಬದುಕು ತಿರುಗಿಸುತ್ತದೆ ಎಂಬುದಕ್ಕೆ ಮಂಡ್ಯದ ಪ್ರಕರಣ ಇದೆ. ಅದು ಪಿಂಚಣಿಯದ್ದಲ್ಲ, ಅನುಕಂಪದ ನೌಕರಿಯದ್ದು. ಅಲ್ಲಿನ ಜಿಲ್ಲಾ ಖಜಾನೆಯಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿದ್ದ ತಾಯಿ 2012ರ ಮಾರ್ಚಿನಲ್ಲಿ ತೀರಿಕೊಂಡರು. ಮಗಳು ವಿಚ್ಛೇದನಕ್ಕೆ ಹೋದದ್ದು ಅದಾದ ಮೇಲೆ, ಡಿಕ್ರಿ ಬಂದದ್ದು 2013ರ ಮಾರ್ಚ್ 20ಕ್ಕೆ, ನೌಕರಿಗೆ ಅರ್ಜಿ ಹಾಕಿದ್ದು ಮರುದಿನವೇ. ಹೈಕೋರ್ಟಿನಲ್ಲಿ ಗೆದ್ದರೂ 2021ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಆಗುವುದಿಲ್ಲ ಅಂದಿತು. ತಾಯಿ ಸತ್ತ ದಿನ ಆಕೆ ಇನ್ನೂ ಗಂಡನುಳ್ಳ ಹೆಂಗಸೇ ಆಗಿದ್ದಳು ಎಂಬುದು ಅಲ್ಲಿ ಮುಖ್ಯವಾಯಿತು. ಆದ್ದರಿಂದ ಅಮ್ಮ ಗಟ್ಟಿಯಾಗಿರುವಾಗಲೇ ಅವರ ಕೈಯಿಂದ ಅಪ್ಪನ ಕಚೇರಿಗೆ ಒಂದು ಪತ್ರ ಬರೆಸು. ನಿನ್ನ ಹೆಸರು, ಡಿಕ್ರಿಯ ನಕಲು ಎರಡೂ ಕುಟುಂಬದ ವಿವರದಲ್ಲಿ ದಾಖಲಾಗಲಿ.

ಇನ್ನೂ ಸಹಿ ಹಾಕದೆ ಯೋಚಿಸುತ್ತಿರುವ ಹೆಣ್ಣುಮಕ್ಕಳಿಗೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸರ್ಕಾರಿ ನೌಕರನಿಂದ ವಿಚ್ಛೇದನ ಪಡೆಯುವಾಗ ಕುಟುಂಬ ಪಿಂಚಣಿಯನ್ನೂ ಕಳೆದುಕೊಳ್ಳುತ್ತಿದ್ದೀರಿ ಎಂದು ಲೆಕ್ಕ ಹಾಕಿಯೇ ಜೀವನಾಂಶ ಮಾತಾಡಿ. ‘ಆಮೇಲೆ ಬರುತ್ತೆ ಬಿಡಿ’ ಎಂದು ಮೊತ್ತ ಇಳಿಸಲು ಒಪ್ಪಬೇಡಿ. ನೌಕರಿಯಲ್ಲಿರುವವರು ನೀವೇ ಆಗಿದ್ದರೆ, ವಿಚ್ಛೇದನದ ಅರ್ಜಿ ಕೋರ್ಟಿನಲ್ಲಿರುವಾಗ ಗಂಡನಿಗಿಂತ ಮೊದಲು ಮಕ್ಕಳಿಗೇ ಪಿಂಚಣಿ ಸಿಗಲಿ ಎಂದು ಬರೆದುಕೊಡಲು 2024ರ ಜನವರಿಯಿಂದ ಕೇಂದ್ರ ಸರ್ಕಾರ ಅವಕಾಶ ಕೊಟ್ಟಿದೆ.

ಮಗಳೇ, ಈಗ ಮಾಡಬೇಕಾದ್ದು: ಮಗುವಿನ ಅಪ್ಪ ಕೊನೆಗೆ ಕೆಲಸ ಮಾಡಿದ ಕಚೇರಿಯ ಮುಖ್ಯಸ್ಥರಿಗೆ ಅರ್ಜಿ. ಜೊತೆಗೆ ಅಪ್ಪನ ಹೆಸರಿರುವ ಅವಳ ಜನನ ಪತ್ರ, ಆತನ ಮರಣ ಪತ್ರ, ಡಿಕ್ರಿಯ ದೃಢೀಕೃತ ನಕಲು, ಅವಳ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಕೈಯಾರೆ ಕೊಟ್ಟರೆ ನಕಲಿನ ಮೇಲೆ ಮುದ್ರೆ, ತಾರೀಖು ಹಾಕಿಸಿಕೋ. ಅಂಚೆಯಲ್ಲಿ ಕಳಿಸಿದರೆ ರಸೀತಿ ಎತ್ತಿಡು. ಬಾಯಿಮಾತಿನಲ್ಲಿ ಬಂದ ಉತ್ತರ ಉತ್ತರವೇ ಅಲ್ಲ, ಬರಹದಲ್ಲಿ ಕೊಡಿ ಅನ್ನು. ಎರಡು ಮೂರು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಕೇಂದ್ರದ ಪಿಂಚಣಿ ದೂರು ಜಾಲತಾಣ ಸಿಪೆನ್‌ಗ್ರಾಮ್ಸ್ ಇದೆ, ಪಿಂಚಣಿ ಅದಾಲತ್ ಇದೆ. ಹಳೆಯ ಅರ್ಜಿಯಲ್ಲಿ ನಿನ್ನನ್ನು ‘ವಿಧವೆ’ ಎಂದು ಬರೆಸಿದ್ದಾನಲ್ಲ ಆ ಮಧ್ಯವರ್ತಿ, ಅದನ್ನು ಮೊದಲು ಲಿಖಿತವಾಗಿ ಹಿಂದಕ್ಕೆ ಪಡೆ. ಸುಳ್ಳು ಹೇಳಿಕೆ ಎಂದು ಯಾರಾದರೂ ಹಿಡಿದರೆ ಮಗಳ ಫೈಲಿಗೂ ಅದರ ಮಸಿ ಹತ್ತುತ್ತದೆ.

ಹೊಸ ಅರ್ಜಿಯ ಕರಡು ನಾನು ಬರೆದುಕೊಡುತ್ತೇನೆ. ಗುರುವಾರ ಮಧ್ಯಾಹ್ನ ಊಟ ಆದಮೇಲೆ ಕಾಗದಗಳ ಜೊತೆ ಬಾ. ಮಗಳನ್ನೂ ಕರೆದುಕೊಂಡು ಬಾ. ಹಣ ಅವಳದ್ದು, ಅರ್ಜಿಯಲ್ಲಿ ಏನಿದೆ ಎಂದು ಅವಳೂ ಓದಲಿ.

ಆಶೀರ್ವಾದಗಳೊಂದಿಗೆ,
ನಿನ್ನ ಹಿಂದಿನ ಬೀದಿಯ ಆಂಟಿ