ಮನೆ ಬರೆದ ಹಾಸು

ಪಾತ್ರ ವಹಿಸಿ ಆಡುವ ಮೇಜಿನಾಟಗಳನ್ನು ಬಲ್ಲವರು ನಮ್ಮ ಕಾಲೇಜಿನಲ್ಲಿ ಬಹಳ ಮಂದಿ ಇಲ್ಲ. ಆದುದರಿಂದ ಪೀಠಿಕೆಯಾಗಿ ಎರಡು ಮಾತು ಅಗತ್ಯ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ 'ಡಂಜನ್ಸ್ ಅಂಡ್ ಡ್ರಾಗನ್ಸ್' 1974ರಲ್ಲಿ ಪ್ರಕಟವಾಯಿತು. ಒಬ್ಬನು ಸೂತ್ರಧಾರನಾಗಿ ಕಥೆ ನಡೆಸುತ್ತಾನೆ. ಉಳಿದವರು ವೀರನೋ, ಮಾಂತ್ರಿಕನೋ, ಕಳ್ಳನೋ ಆಗಿ ಮಾತನಾಡುತ್ತಾರೆ. ಸಂದೇಹ ಬಂದ ಕಡೆ ದಾಳವು ತೀರ್ಪು ಕೊಡುತ್ತದೆ. ಆದರೆ ಕಾಳಗ ಹತ್ತಿಕೊಂಡಾಗ ಯಾರು ಎಲ್ಲಿ ನಿಂತಿದ್ದಾರೆಂಬ ಜಗಳ ಬಾಯಿಮಾತಿನಲ್ಲಿ ತೀರುವಂಥದಲ್ಲ. ಆಗ ಬೇಕಾದದ್ದು ಮನೆ ಬರೆದ ಹಾಸು. ಅದರ ಮೇಲೆ ಗೋಡೆ, ಬಾಗಿಲು, ಹೊಳೆಗಳನ್ನು ಶಾಯಿಯಿಂದ ಬರೆದು, ಕಾಯಿ ನಡೆಸಿ, ಆಟ ಮುಗಿದ ಮೇಲೆ ಒರೆಸಿಬಿಡುವುದು ಪದ್ಧತಿ.

ಈ ಆಟ ಗೊಂಬೆ ಸೈನಿಕರ ಯುದ್ಧದಾಟದಿಂದ ಬೆಳೆದುದು. ಹಾಗಾಗಿ ಮೊದಲ ಪುಸ್ತಕಗಳಲ್ಲಿ ದೂರವನ್ನು ಅಂಗುಲಗಳಲ್ಲೇ ಹೇಳಿತ್ತು; ನೆಲಮಾಳಿಗೆಯೊಳಗೆ ಒಂದು ಅಂಗುಲವೆಂದರೆ 10 ಅಡಿ. 2000ದ ಮೂರನೆಯ ಆವೃತ್ತಿಯಲ್ಲಿ ಒಂದಂಗುಲದ ಮನೆಗೆ 5 ಅಡಿ ಎಂಬ ಲೆಕ್ಕ ಬಂತು. 24 ಮನೆ ಅಗಲ, 30 ಮನೆ ಉದ್ದದ ಹಾಸಿನಲ್ಲಿ ಈ ಲೆಕ್ಕದಂತೆ 120 ಅಡಿಗೆ 150 ಅಡಿಯ ಪ್ರಾಕಾರವೇ ಹಿಡಿಯುತ್ತದೆ. ಇನ್ನೂ ದೊಡ್ಡದಕ್ಕೆ ಆಸೆಪಡುವ ಮೊದಲು ಮೇಜನ್ನು ಅಳೆಯಿರಿ. ಅಂಚಿನಿಂದ ಜೋತುಬಿದ್ದ ಹಾಸನ್ನು ಮೊಣಕೈ ತಗುಲಿ ಯಾರಾದರೂ ಎಳೆಯದೆ ಇರುವುದಿಲ್ಲ.

ಚೌಕದ ಮನೆಯೋ, ಷಟ್ಕೋನದ ಮನೆಯೋ ಎಂಬುದು ಹಳೆಯ ವಾದ. ಚೌಕದಲ್ಲಿ ಪಕ್ಕದ ಮನೆ 5 ಅಡಿ ದೂರವಾದರೆ ಮೂಲೆಯ ಮನೆ ನಿಜವಾಗಿ ಸುಮಾರು 7 ಅಡಿ. ಎಲ್ಲವನ್ನೂ 5 ಎಂದರೆ ಮೂಲೆಗೆ ಓಡುವವನಿಗೆ ಲಾಭ. ಮೂರನೆಯ ಆವೃತ್ತಿಯವರು ಮೊದಲ ಮೂಲೆಗೆ 5, ಎರಡನೆಯದಕ್ಕೆ 10 ಎಂದು ಎಣಿಸಿ, ಎರಡಕ್ಕೂ ಸೇರಿ 15 ಅಡಿ ಮಾಡಿದರು. ನಿಜವಾದ ದೂರ 14 ಅಡಿಗೆ ತುಸು ಮೇಲೆ. ಷಟ್ಕೋನದಲ್ಲಿ ಆರು ನೆರೆಮನೆಗಳೂ ಸಮದೂರದಲ್ಲಿರುವುದರಿಂದ ಈ ತೊಡಕಿಲ್ಲ. ಆದರೆ ಕೋಣೆಯ ನೇರ ಗೋಡೆ ಎಳೆದರೆ ಅರ್ಧ ಮನೆಗಳೆಲ್ಲ ಸೀಳಿಹೋಗುತ್ತವೆ. ಕಾಡು, ಬಯಲಿಗೆ ಷಟ್ಕೋನ, ಕಟ್ಟಡಕ್ಕೆ ಚೌಕ ಎಂಬುದು ನನ್ನ ಅಭಿಪ್ರಾಯ. ಚೆಸೆಕ್ಸ್ ಕಂಪನಿಯ ಹಾಸಿನಲ್ಲಿ ಒಂದು ಬದಿ ಚೌಕ, ಇನ್ನೊಂದು ಬದಿ ಷಟ್ಕೋನ.

ಅದು ವಿನೈಲಿನದು. ಅದಕ್ಕೆ ನೀರಿನಲ್ಲಿ ಕರಗುವ ಶಾಯಿಯ ಮಾರ್ಕರ್ ಮಾತ್ರ ಸಲ್ಲುತ್ತದೆ. ತರಗತಿಯ ಬಿಳಿ ಹಲಗೆಗೆ ಬಳಸುವ ಮಾರ್ಕರ್ ಕಲೆ ಬಿಡುತ್ತದೆ. ಪೈಜೋದವರ ಲೇಪನವುಳ್ಳ ಮಡಿಸುವ ಹಾಸಿಗಾದರೋ ಎರಡೂ ನಡೆಯುತ್ತವೆ. ವಿನೈಲನ್ನು ಮೃದುವಾಗಿಡಲು ಬೆರೆಸಿರುವ ದ್ರವ್ಯದೊಳಕ್ಕೆ ಬಣ್ಣ ಮೆಲ್ಲಗೆ ಇಳಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಕೆಂಪು.

ಇದನ್ನು ನಾನು ಓದಿ ಕಲಿತದ್ದಲ್ಲ. ಹಾಸ್ಟೆಲಿನ ಐವರು ಮೂರು ತಿಂಗಳು ಹಣ ಕೂಡಿಸಿ ಒಂದು ವಿನೈಲ್ ಹಾಸು ತರಿಸಿದ್ದೆವು. ಅವರಲ್ಲೊಬ್ಬನು ಭಾನುವಾರಗಳಂದು ಮದುವೆ ಊಟಕ್ಕೆ ಬಡಿಸಿ ತನ್ನ ಪಾಲು ಕೊಟ್ಟವನು. ದಸರಾ ರಜೆಗೆ ಹೊರಡುವ ಅವಸರದಲ್ಲಿ, ನಾನೇ ಬರೆದ ಕೆಂಪು ಬೆಂಕಿಹೊಳೆಯನ್ನು ಒರೆಸದೆ ಸುತ್ತಿ ಮನೆಗೆ ಒಯ್ದೆ. ಎರಡು ವಾರದ ಮೇಲೆ ಬಿಚ್ಚಿದರೆ ನೀರಿಗೆ ಜಗ್ಗಲಿಲ್ಲ. ನಮ್ಮ ತಂದೆಯವರದು ಆಟೋ, ಟ್ರಾಕ್ಟರುಗಳ ಸೀಟಿಗೆ ರೆಕ್ಸಿನ್ ಹೊಲಿಯುವ ಕಸುಬು. ಅವರ ಅಂಗಡಿಯ ಥಿನ್ನರನ್ನು ಬಟ್ಟೆಗೆ ಹಾಕಿ ಉಜ್ಜಿದೆ. ಹೊಳೆ ಹೋಯಿತು, ಅದರೊಡನೆ ಮನೆಗಳ ಗೆರೆಯೂ ಹೋಗಿ, ಅಂಗೈಯಗಲ ಜಾಗ ಅಂಟಂಟಾಯಿತು.

"ಥಿನ್ನರ್ ಹಾಕಿದೆಯಾ? ಇವತ್ತು ಅಂಟಾಗ್ತದೆ, ನಾಳೆ ಒಣಗಿ ಬಿರಿತದೆ," ಎಂದರು ತಂದೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಅವರು ಅಂದು ಹೇಳಿದ್ದಿಷ್ಟು: ಸೋಪಿನ ನೀರು, ಮೆತ್ತನೆಯ ಬಟ್ಟೆ ಸಾಕು, ಒದ್ದೆಯಿರುವಾಗ ಸುತ್ತಬಾರದು, ಮಡಿಸಬಾರದು, ಮಡಿಕೆಯಲ್ಲೇ ಮೊದಲು ಸೀಳುವುದು, ಬಿಸಿಲಿಗೆ ಇಡಬಾರದು. ನಮ್ಮಜ್ಜಿ ಪಗಡೆಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಯ ತಳದಲ್ಲಿಡುತ್ತಿದ್ದರು. ವಿನೈಲಿಗೆ ಆ ಉಪಚಾರ ಸಲ್ಲದು. ಸುರುಳಿ ಬಿಡದೆ ಮುದುರಿಕೊಂಡರೆ ಹಿಂದುಮುಂದಾಗಿ ಸುತ್ತಿ ಒಂದು ರಾತ್ರಿ ಇಟ್ಟರೆ ಸಾಕು. ಪ್ಲಾಸ್ಟಿಕ್ ಕಾಯಿಗಳನ್ನು ಅದರ ಮೇಲೆ ತಿಂಗಳುಗಟ್ಟಲೆ ಬಿಡಬಾರದೆಂಬುದನ್ನು ನಾನು ಸೇರಿಸುತ್ತೇನೆ; ಆ ಮೃದುಕಾರಿ ದ್ರವ್ಯ ಕೆಲವು ಪ್ಲಾಸ್ಟಿಕ್ಕುಗಳ ಬುಡವನ್ನೇ ಮೆತ್ತಗಾಗಿಸುತ್ತದೆ.

ಮದುವೆ ಊಟಕ್ಕೆ ಬಡಿಸಿದವನಿಗೆ ಏನು ಹೇಳಲೆಂದು ನಾನು ಕುಳಿತಿರುವಾಗ ತಂದೆ ಬಿಳಿ ರೆಕ್ಸಿನ್ನಿನ ಒಂದು ತುಂಡು ಹಾಸಿ, ಅಂಗುಲದ ಸ್ಕೇಲು, ಬಾಲ್ ಪೆನ್ನು ತೆಗೆದುಕೊಂಡರು. ಬಾಲ್ ಪೆನ್ನಿನ ಗೀರು ರೆಕ್ಸಿನ್ನಿನಿಂದ ಸುಲಭಕ್ಕೆ ಹೋಗದೆಂಬುದು ಸೀಟು ಹೊಲಿಯುವವರಿಗೆಲ್ಲ ಗೊತ್ತು. ಅಡ್ಡಕ್ಕೆ 21, ಉದ್ದಕ್ಕೆ 25 ಗೆರೆ, 480 ಮನೆ. ಒಂದು ಗೆರೆಯೂ ಓರೆಯಾಗಲಿಲ್ಲ. ಕೊನೆಯ ಗೆರೆ ಎಳೆಯುತ್ತಾ, "ಇದು ಪರೀಕ್ಷೆಗೆ ಬರ್ತದಾ?" ಎಂದು ಕೇಳಿದರು.

ಬರುತ್ತದೆ ಎಂದುಬಿಟ್ಟೆ. ಈ ಲೇಖನವನ್ನು ಅವರಿಗೆ ಓದಿ ಹೇಳುವಾಗ ಆ ಸುಳ್ಳನ್ನೂ ಒಪ್ಪಿಕೊಳ್ಳಬೇಕಾಗಿದೆ.